ಹೊಸ ಹಲ್ಲಿನ ಮೇಲೆ ಬಿಳಿ ಗೆರೆ

ಮುಳಬಾಗಿಲಿನ ತಾಯಿಗೆ: ಏಳು ವರ್ಷದ ಮಗಳ ಹೊಸ ಮುಂದಿನ ಹಲ್ಲುಗಳ ಮೇಲೆ ಸುಣ್ಣ ಬಳಿದಂಥ ಅಡ್ಡಗೆರೆ, ನಡುನಡುವೆ ಕಂದು ಕಲೆ ಎಂದಿದ್ದೀರಿ. ದಯವಿಟ್ಟು ಅವಳನ್ನು ಬೈಯಬೇಡಿ, ಸರಿಯಾಗಿ ಉಜ್ಜದ್ದರಿಂದ ಬಂದದ್ದಲ್ಲ ಇದು. ಬಹುಮಟ್ಟಿಗೆ ಫ್ಲೋರೋಸಿಸ್. ಕೋಲಾರ, ಮಾಲೂರು, ಶ್ರೀನಿವಾಸಪುರದ ಕಡೆ ಅನೇಕ ಬೋರ್‌ವೆಲ್‌ಗಳಲ್ಲಿ ಬಂಡೆಯಿಂದ ಕರಗಿದ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರುತ್ತದೆ. ವಸಡಿನೊಳಗೆ ಹಲ್ಲು ರೂಪುಗೊಳ್ಳುವಾಗಲೇ ಅದು ಎನಾಮಲ್ ಕೆಡಿಸುತ್ತದೆ.

ಕುದಿಸಿದರೆ ಫ್ಲೋರೈಡ್ ಹೋಗದು, ನೀರು ಇಂಗಿ ಇನ್ನಷ್ಟು ಹೆಚ್ಚುತ್ತದೆ. ನಿಮ್ಮ ಎರಡು ವರ್ಷದ ಮಗನಿಗೆ ಇನ್ನೂ ಕಾಲ ಮಿಂಚಿಲ್ಲ: ಕುಡಿಯಲೂ ಅಡುಗೆಗೂ ಶುದ್ಧ ನೀರಿನ ಘಟಕದ ಆರ್‌ಒ ನೀರನ್ನೇ ಬಳಸಿ. ಪೇಸ್ಟ್ ಅಕ್ಕಿಕಾಳಿನಷ್ಟೇ ಸಾಕು, ನುಂಗದಂತೆ ನೋಡಿಕೊಳ್ಳಿ. ಮಗಳ ಹಲ್ಲನ್ನು ಕೆಜಿಎಫ್‌ನ ದಂತ ವೈದ್ಯಕೀಯ ಕಾಲೇಜಿನಲ್ಲಿ ತೋರಿಸಿ. ಕಲೆ ತಿಳಿಗೊಳಿಸುವ ಚಿಕಿತ್ಸೆಯಿದೆ. ಹಲ್ಲು ಪುಡಿಯಾಗುತ್ತಿದ್ದರೆ, ತಣ್ಣೀರಿಗೆ ಜುಮ್ಮೆನ್ನುತ್ತಿದ್ದರೆ ತಡಮಾಡಬೇಡಿ.