ತಂಡ ಯಾರದು? ಇಂಡೋನೇಷ್ಯಾದ ಕಾಲ್ಚೆಂಡಾಟ ತಂಡದ ಚರಿತ್ರೆ: ಒಂದು ಅಧ್ಯಯನ

1938ರ ಜೂನ್ 5ರಂದು ಫ್ರಾನ್ಸಿನ ರೀಮ್ಸ್ ನಗರದಲ್ಲಿ ವಿಶ್ವಕಪ್ ಫುಟ್‌ಬಾಲ್ ಪಂದ್ಯಾವಳಿಯ ಒಂದು ಪಂದ್ಯ ನಡೆಯಿತು. ಒಂದು ಕಡೆ ಆ ಕಾಲದ ಬಲಾಢ್ಯ ತಂಡವಾದ ಹಂಗೇರಿ. ಇನ್ನೊಂದು ಕಡೆ ಕಿತ್ತಳೆ ಬಣ್ಣದ ಅಂಗಿ ತೊಟ್ಟು ಜಾವಾದಿಂದ ಹಡಗಿನಲ್ಲಿ ಬಂದಿದ್ದ ತಂಡ. ಹಂಗೇರಿ ಆರು ಗೋಲುಗಳಿಂದ ಗೆದ್ದಿತು. ಎದುರಾಳಿಗೆ ಒಂದು ಗೋಲೂ ದಕ್ಕಲಿಲ್ಲ. ಸೋತವರು ಮನೆಗೆ ಎಂಬ ನಿಯಮವಿದ್ದುದರಿಂದ ಆ ತಂಡದ ವಿಶ್ವಕಪ್ ಆ ಒಂದೇ ಪಂದ್ಯಕ್ಕೆ ಮುಗಿಯಿತು. ವಿಶ್ವಕಪ್ಪಿನಲ್ಲಿ ಆಡಿದ ಏಷ್ಯಾದ ಮೊತ್ತಮೊದಲ ತಂಡ ಅದು. ಆದರೆ ಅದರ ಹೆಸರು ಇಂಡೋನೇಷ್ಯಾ ಎಂದಿರಲಿಲ್ಲ. 'ಡಚ್ ಈಸ್ಟ್ ಇಂಡೀಸ್' ಎಂದಿತ್ತು. ಆಡಿದವರು ಆ ದ್ವೀಪಗಳ ನೆಲದಲ್ಲಿ ಬೆಳೆದವರು. ತೊಟ್ಟ ಬಣ್ಣ ಆಳುವವರದು.

ಇಂಡೋನೇಷ್ಯಾ ತಂಡದ ಚರಿತ್ರೆಯನ್ನು ಸೋಲುಗೆಲುವುಗಳ ಪಟ್ಟಿಯಾಗಿ ಓದಿದರೆ ದೊರೆಯುವುದು ಸ್ವಲ್ಪವೇ. ಒಂದು ತಂಡವು ಒಂದು ನಾಡಿನದು ಎಂದು ಹೇಳುವ ಹಕ್ಕು ಯಾರಿಗಿದೆ ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಓದಿದರೆ ಅದೇ ಚರಿತ್ರೆ ಬೇರೊಂದು ಅರ್ಥವನ್ನು ಕೊಡುತ್ತದೆ.

ಹೆಸರಿನ ಹೋರಾಟ

ಡಚ್ಚರ ಆಳ್ವಿಕೆಯಲ್ಲಿ ಫುಟ್‌ಬಾಲ್ ಸಂಘಗಳು ಬಹುಮಟ್ಟಿಗೆ ಜನಾಂಗವನ್ನನುಸರಿಸಿ ಬೇರೆಬೇರೆಯಾಗಿದ್ದವು. ಯುರೋಪಿಯನ್ನರ ಕೂಟಗಳು ಒಂದೆಡೆ, ಚೀನೀ ಮೂಲದವರ ಕೂಟಗಳು ಇನ್ನೊಂದೆಡೆ, ಸ್ಥಳೀಯರವು ಮತ್ತೊಂದೆಡೆ. ಇದೇ ಕಾಲದಲ್ಲಿ, 1928ರ ಅಕ್ಟೋಬರ್ 28ರಂದು ಬಟಾವಿಯಾದಲ್ಲಿ (ಇಂದಿನ ಜಕಾರ್ತಾ) ಸೇರಿದ ಯುವಜನರ ಸಮಾವೇಶವು ಒಂದು ಪ್ರತಿಜ್ಞೆಯನ್ನು ಕೈಗೊಂಡಿತು: ತಮ್ಮದು ಒಂದು ತಾಯ್ನೆಲ, ಒಂದು ಜನಾಂಗ, ತಮ್ಮನ್ನು ಕೂಡಿಸುವುದು ಒಂದು ಭಾಷೆ. ಆ ಮೂರಕ್ಕೂ ಅವರು ಕೊಟ್ಟ ಹೆಸರು ಇಂಡೋನೇಷ್ಯಾ.

ಭಾಷೆಯ ವಿದ್ಯಾರ್ಥಿಗಳು ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಅತಿ ಹೆಚ್ಚು ಜನರ ಮಾತೃಭಾಷೆಯಾಗಿದ್ದ ಜಾವಾನೀಸನ್ನು ಬಿಟ್ಟು, ಬಂದರು ಬಂದರುಗಳ ನಡುವೆ ವ್ಯವಹಾರದ ನುಡಿಯಾಗಿದ್ದ ಮಲಯ ಭಾಷೆಯನ್ನು ಆ ಯುವಕರು ಐಕ್ಯದ ಭಾಷೆಯಾಗಿ ಸ್ವೀಕರಿಸಿದರು. ಎರಡನೆಯದಾಗಿ, ಆ ಪ್ರತಿಜ್ಞೆಯ ಮುಖ್ಯ ಪದಗಳು ಕನ್ನಡಿಗರಿಗೆ ಪೂರ್ತಿ ಅಪರಿಚಿತವಲ್ಲ. ಭಾಷೆಗೆ ಅವರು 'ಬಹಾಸ' ಎನ್ನುತ್ತಾರೆ. ಜನಾಂಗ ಅಥವಾ ರಾಷ್ಟ್ರಕ್ಕೆ 'ಬಾಂಗ್ಸ' ಎನ್ನುತ್ತಾರೆ. ಮೊದಲನೆಯದು ಸಂಸ್ಕೃತದ 'ಭಾಷಾ', ಎರಡನೆಯದು 'ವಂಶ'. ರಾಷ್ಟ್ರೀಯ ತಂಡದ ಎದೆಯ ಮೇಲೆ ಇಂದು ಕಾಣುವ ಲಾಂಛನವೂ ಗರುಡನೇ.

ಈ ಪ್ರತಿಜ್ಞೆಯಾದ ಸುಮಾರು ಒಂದೂವರೆ ವರ್ಷಕ್ಕೆ, 1930ರ ಏಪ್ರಿಲ್ 19ರಂದು, ಯೋಗ್ಯಕಾರ್ತಾ ನಗರದಲ್ಲಿ ಜಾವಾದ ಏಳು ಊರುಗಳ ಸಂಘಗಳು ಕೂಡಿ ಒಂದು ಫುಟ್‌ಬಾಲ್ ಒಕ್ಕೂಟವನ್ನು ಕಟ್ಟಿದವು. ಅದುವೇ ಇಂದಿಗೂ ಇರುವ ಪಿಎಸ್‌ಎಸ್‌ಐ. ಅದರ ಮೊದಲ ಅಧ್ಯಕ್ಷರು ಸುರಾತಿನ್ ಸೊಸ್ರೊಸುಗೊಂಡೊ, ಜರ್ಮನಿಯಲ್ಲಿ ಕಲಿತು ಬಂದ ಎಂಜಿನಿಯರು. ಆರಂಭದಲ್ಲಿ ಒಕ್ಕೂಟದ ಹೆಸರಿನಲ್ಲಿ ಚೆಂಡಾಟಕ್ಕೆ 'ಸೆಪಕ್‌ರಾಗ' ಎಂಬ ಪದವಿತ್ತು. ಬೆತ್ತದಿಂದ ಹೆಣೆದ ಚೆಂಡನ್ನು ಕಾಲಿನಿಂದ ಒದ್ದು ಆಡುವ ಹಳೆಯ ದೇಸಿ ಆಟದ ಹೆಸರದು. ಯುರೋಪಿನಿಂದ ಬಂದ ಆಟವನ್ನು ತಮ್ಮ ಆಟದ ಹೆಸರಿನಿಂದಲೇ ಕರೆದು ಅದನ್ನು ತಮ್ಮದಾಗಿಸಿಕೊಳ್ಳುವ ಯತ್ನ ಅಲ್ಲಿ ಕಾಣುತ್ತದೆ. ಅದಕ್ಕಿಂತ ಮುಖ್ಯವಾದುದು ಆ ಹೆಸರಿನ ಕೊನೆಯ ಪದ: 'ಇಂಡೋನೇಷ್ಯಾ'. ಆ ಹೆಸರಿನ ದೇಶವು ಭೂಪಟದಲ್ಲಿ ಕಾಣಿಸಿಕೊಳ್ಳಲು ಇನ್ನೂ ಹದಿನೈದು ವರ್ಷಗಳಿದ್ದವು. ದೇಶಕ್ಕಿಂತ ಮೊದಲೇ ಅದರ ಫುಟ್‌ಬಾಲ್ ಸಂಘ ಹುಟ್ಟಿತ್ತು.

ರೀಮ್ಸಿನ ತಂಡ

ವಿಶ್ವ ಫುಟ್‌ಬಾಲ್ ಸಂಸ್ಥೆಯಾದ ಫಿಫಾ ಮನ್ನಿಸಿದ್ದು ಡಚ್ಚರ ಸಂಘವಾದ ಎನ್‌ಐವಿಯುವನ್ನು. 1937ರಲ್ಲಿ ಎರಡು ಸಂಘಗಳೂ ಸಹಕಾರದ ಒಪ್ಪಂದವೊಂದನ್ನು ಮಾಡಿಕೊಂಡಿದ್ದವು. ಆದರೆ ಮರುವರ್ಷ ವಿಶ್ವಕಪ್ಪಿಗೆ ಹೋಗುವ ತಂಡವನ್ನು ಆರಿಸುವ ಹಕ್ಕನ್ನು ಡಚ್ ಸಂಘವು ತನ್ನಲ್ಲೇ ಇಟ್ಟುಕೊಂಡಿತು. ತಮ್ಮ ಆಟಗಾರರು ಎನ್‌ಐವಿಯು ಹೆಸರಿನಲ್ಲಿ ಆಡುವುದನ್ನು ಸುರಾತಿನ್ ಒಪ್ಪಲಿಲ್ಲ, ಒಪ್ಪಂದ ಮುರಿದುಬಿತ್ತು.

ಎದುರಾಳಿಯಾಗಬೇಕಿದ್ದ ಜಪಾನ್ ಹಿಂದೆಗೆದುದರಿಂದ ಡಚ್ ಈಸ್ಟ್ ಇಂಡೀಸ್ ತಂಡವು ಒಂದು ಅರ್ಹತಾ ಪಂದ್ಯವನ್ನೂ ಆಡದೆ ಫ್ರಾನ್ಸಿಗೆ ಹೊರಟಿತು. ಆ ತಂಡದಲ್ಲಿ ಜಾವಾದವರಿದ್ದರು, ಮಲುಕು ದ್ವೀಪಗಳ ಮನೆತನಗಳವರಿದ್ದರು, ಚೀನೀ ಮೂಲದವರಿದ್ದರು, ಡಚ್ ಸಂತತಿಯವರೂ ಇದ್ದರು. ನಾಯಕ ಅಹ್ಮದ್ ನವೀರ್ ವೈದ್ಯವಿದ್ಯೆಯನ್ನು ಕಲಿತವರು, ಕನ್ನಡಕ ಧರಿಸಿಯೇ ಆಡುತ್ತಿದ್ದರು. ಅವರನ್ನು ಸೋಲಿಸಿದ ಹಂಗೇರಿ ಆ ವರ್ಷ ಅಂತಿಮ ಪಂದ್ಯದವರೆಗೂ ಮುನ್ನಡೆಯಿತು. ಅದೇ ತಿಂಗಳು ಆಮ್‌ಸ್ಟರ್‌ಡ್ಯಾಮಿನಲ್ಲಿ ನೆದರ್ಲೆಂಡ್ಸ್ ತಂಡದೊಡನೆ ನಡೆದ ಸ್ನೇಹಪಂದ್ಯದಲ್ಲೂ ಇಂಡೀಸ್ ತಂಡ 9–2ರಿಂದ ಸೋತಿತು.

ವಿವಿಧ ಜನಾಂಗಗಳ ಆಟಗಾರರು ಒಂದೇ ತಂಡದಲ್ಲಿ ಆಡಿದ್ದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. ಆದರೆ ಆ ಐಕ್ಯವು ವಸಾಹತು ಸಂಘದ ಆಯ್ಕೆಯಿಂದ ಉಂಟಾದುದು. ಆಟಗಾರರ ನಾಡಿನ ಜನರು ಅದಕ್ಕೆ ಒಪ್ಪಿಗೆ ಕೊಟ್ಟಿರಲಿಲ್ಲ. ಸುರಾತಿನ್ ಅವರ ಆಕ್ಷೇಪದ ತಿರುಳು ಇದೇ. ಆ ಆಕ್ಷೇಪದ ಬೆಲೆಯನ್ನು ಅವರು ತಮ್ಮ ಬದುಕಿನಲ್ಲಿಯೇ ತೆತ್ತರು. ಡಚ್ ಕಟ್ಟಡ ಸಂಸ್ಥೆಯೊಂದರ ಉದ್ಯೋಗವನ್ನು ಬಿಟ್ಟು ಸಂಘಟನೆಗೆ ತೊಡಗಿದ ಅವರು 1959ರಲ್ಲಿ ಬಾಂಡುಂಗಿನಲ್ಲಿ ಬಡತನದಲ್ಲಿಯೇ ತೀರಿಕೊಂಡರು. ಕಿರಿಯರ ಪಂದ್ಯಾವಳಿಯೊಂದು ಇಂದು ಅವರ ಹೆಸರಿನಲ್ಲಿ ನಡೆಯುತ್ತದೆ.

ದೆಹಲಿಯಿಂದ ಮೆಲ್ಬರ್ನಿಗೆ

1945ರ ಆಗಸ್ಟ್ 17ರಂದು ಇಂಡೋನೇಷ್ಯಾ ತನ್ನ ಸ್ವಾತಂತ್ರ್ಯವನ್ನು ಘೋಷಿಸಿತು. ಡಚ್ಚರು ಅದನ್ನು ಮನ್ನಿಸಿದ್ದು ಯುದ್ಧ ಹಾಗೂ ಸಂಧಾನಗಳ ನಂತರ, 1949ರ ಡಿಸೆಂಬರಿನಲ್ಲಿ. ಈ ನಡುವೆ 1948ರ ಲಂಡನ್ ಒಲಿಂಪಿಕ್ಸ್ ಬಂದಾಗ ಹೊಸ ಗಣರಾಜ್ಯಕ್ಕೆ ಅಲ್ಲಿ ಸ್ಥಾನ ದೊರೆಯಲಿಲ್ಲ. ಅದಕ್ಕೆ ಉತ್ತರವೆಂಬಂತೆ ಅದೇ ವರ್ಷದ ಸೆಪ್ಟೆಂಬರ್ 9ರಂದು ಸುರಕಾರ್ತಾ ನಗರದಲ್ಲಿ ರಾಷ್ಟ್ರೀಯ ಕ್ರೀಡಾ ಸಪ್ತಾಹ ಆರಂಭವಾಯಿತು. ಆ ದಿನವನ್ನು ಇಂದಿಗೂ ರಾಷ್ಟ್ರೀಯ ಕ್ರೀಡಾ ದಿನವೆಂದು ಆಚರಿಸುತ್ತಾರೆ.

ಸ್ವತಂತ್ರ ಇಂಡೋನೇಷ್ಯಾದ ತಂಡವು ತನ್ನ ಸ್ವಂತ ಹೆಸರಿನಲ್ಲಿ ಅಂತರರಾಷ್ಟ್ರೀಯ ಕಣಕ್ಕೆ ಇಳಿದದ್ದು ಭಾರತದ ನೆಲದಲ್ಲಿ. 1951ರ ಮಾರ್ಚಿನಲ್ಲಿ ದೆಹಲಿಯಲ್ಲಿ ನಡೆದ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಅದು ಭಾರತವನ್ನು ಎದುರಿಸಿ 3–0ರಿಂದ ಸೋತಿತು; ಭಾರತ ಚಿನ್ನ ಗೆದ್ದಿತು. ಮೂರು ವರ್ಷಗಳ ನಂತರ ಮನಿಲಾದಲ್ಲಿ ಲೆಕ್ಕ ತಿರುಗಿತು. ಇಂಡೋನೇಷ್ಯಾ ಭಾರತವನ್ನು 4–0ರಿಂದ ಸೋಲಿಸಿತು. 1958ರಲ್ಲಿ ಟೋಕಿಯೊದ ಮೂರನೆಯ ಸ್ಥಾನದ ಪಂದ್ಯದಲ್ಲಿ ಮತ್ತೆ ಭಾರತವನ್ನು 4–1ರಿಂದ ಮಣಿಸಿ ಕಂಚಿನ ಪದಕ ಪಡೆಯಿತು.

ಈ ಬೆಳವಣಿಗೆಯ ಹಿಂದೆ ಯುಗೋಸ್ಲಾವಿಯಾದಿಂದ ಬಂದ ತರಬೇತುದಾರ ಟೋನಿ ಪೊಗಾಚ್ನಿಕ್ ಅವರ ಶ್ರಮವಿತ್ತು. ಅವರ ತಂಡದ ಅತ್ಯುನ್ನತ ಗಳಿಗೆ 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಬಂದಿತು. ಎದುರಾಳಿ ಸೋವಿಯತ್ ಒಕ್ಕೂಟ. ಅದರ ಗೋಲಿನ ಮುಂದೆ ಲೆವ್ ಯಾಶಿನ್. ಹೆಚ್ಚುವರಿ ಅವಧಿಯೂ ಸೇರಿ 120 ನಿಮಿಷಗಳ ಆಟ ಮುಗಿದಾಗ ಎರಡೂ ಕಡೆ ಗೋಲಿರಲಿಲ್ಲ. ಎರಡು ದಿನಗಳ ನಂತರ ಮರುಪಂದ್ಯದಲ್ಲಿ ಸೋವಿಯತ್ ತಂಡ 4–0ರಿಂದ ಗೆದ್ದು ಮುಂದೆ ಚಿನ್ನವನ್ನೂ ಪಡೆಯಿತು. ಆದರೂ ಆ ಗೋಲಿಲ್ಲದ ಪಂದ್ಯವೇ ಇಂಡೋನೇಷ್ಯಾದ ಜನಮನದಲ್ಲಿ ಉಳಿಯಿತು. ಅಂದು ಗೋಲು ಕಾಯ್ದ ಮೌಲ್ವಿ ಸೈಲಾನ್ ಸೈನಿಕರಾಗಿದ್ದರು. ಮುಂದೆ ಅವರು ಅಧ್ಯಕ್ಷ ಸುಕಾರ್ನೊ ಅವರ ಅಂಗರಕ್ಷಕ ದಳದ ಉಪದಂಡನಾಯಕರಾದರು. ಸುಕಾರ್ನೊ ಅಧಿಕಾರ ಕಳೆದುಕೊಂಡ ಮೇಲೆ ವರ್ಷಗಟ್ಟಲೆ ಸೆರೆವಾಸ ಅನುಭವಿಸಿದರು.

ಆಟವೂ ರಾಜ್ಯನೀತಿಯೂ

ತನ್ನ ಹೆಸರನ್ನು ಗಳಿಸಿಕೊಂಡ ತಂಡವು ಬಹುಬೇಗ ಹೊಸ ರಾಜ್ಯದ ನೀತಿಗೆ ಸಾಧನವಾಯಿತು. 1958ರ ವಿಶ್ವಕಪ್ಪಿನ ಅರ್ಹತಾ ಸುತ್ತಿನಲ್ಲಿ ಇಂಡೋನೇಷ್ಯಾ ಚೀನಾವನ್ನು ಹಿಂದಿಕ್ಕಿತ್ತು. ಮುಂದಿನ ಹಂತದಲ್ಲಿ ಇಸ್ರೇಲ್ ಎದುರಾಯಿತು. ಆ ದೇಶದ ನೆಲದಲ್ಲಿ ಆಡಲು ಒಪ್ಪದೆ, ತಟಸ್ಥ ಸ್ಥಳದ ಬೇಡಿಕೆಯೂ ಈಡೇರದೆ, ಇಂಡೋನೇಷ್ಯಾ ಹಿಂದೆ ಸರಿಯಿತು. ವಸಾಹತುಶಾಹಿಯ ವಿರುದ್ಧ ನಿಂತ ರಾಷ್ಟ್ರದ ನಿಲುವು ಅದಾಗಿತ್ತು. ಆಟಗಾರರ ಪಾಲಿಗೆ ಬಾಗಿಲು ಮುಚ್ಚಿತು.

1962ರಲ್ಲಿ ಜಕಾರ್ತಾದಲ್ಲಿ ಏಷ್ಯನ್ ಕ್ರೀಡಾಕೂಟ ನಡೆದಾಗ ಇಸ್ರೇಲ್ ಮತ್ತು ತೈವಾನಿನ ಕ್ರೀಡಾಪಟುಗಳಿಗೆ ವೀಸಾ ದೊರೆಯಲಿಲ್ಲ. ಹೀಗಿರುವಾಗ ಇದನ್ನು ಏಷ್ಯನ್ ಕ್ರೀಡಾಕೂಟವೆಂದು ಕರೆಯಬಾರದೆಂದು ಭಾರತದ ಗುರುದತ್ತ ಸೋಂಧಿ ವಾದಿಸಿದರು. ಅದರಿಂದ ಕೆರಳಿದ ಗುಂಪು ಭಾರತೀಯ ರಾಯಭಾರ ಕಚೇರಿಯ ಮೇಲೆ ದಾಳಿ ನಡೆಸಿತು. ಆ ಬಿಸಿಯ ನಡುವೆಯೇ ಸೆಪ್ಟೆಂಬರ್ 4ರಂದು ಭಾರತ ತಂಡವು ದಕ್ಷಿಣ ಕೊರಿಯಾವನ್ನು 2–1ರಿಂದ ಸೋಲಿಸಿ ಚಿನ್ನ ಗೆದ್ದಿತು. ಆತಿಥೇಯ ತಂಡವಾದರೋ ಗುಂಪು ಹಂತದಲ್ಲಿಯೇ ಹೊರಬಿದ್ದಿತ್ತು; ಲಂಚದ ಆರೋಪದಲ್ಲಿ ಹಲವು ಆಟಗಾರರು ಅಮಾನತುಗೊಂಡು ಪೊಗಾಚ್ನಿಕ್ ಕಟ್ಟಿದ ತಂಡ ಕೂಟದ ಮೊದಲೇ ಒಡೆದುಹೋಗಿತ್ತು.

ಮುಂದಿನ ದಶಕಗಳಲ್ಲಿ ಬಾಗಿಲಿನವರೆಗೆ ಬಂದು ಹಿಂತಿರುಗುವುದು ಈ ತಂಡಕ್ಕೆ ರೂಢಿಯೇ ಆಯಿತು. 1976ರಲ್ಲಿ ಜಕಾರ್ತಾದ ತುಂಬಿದ ಕ್ರೀಡಾಂಗಣದಲ್ಲಿ ಉತ್ತರ ಕೊರಿಯಾದೊಡನೆ 0–0ರ ಸಮಬಲ ಸಾಧಿಸಿ, ಪೆನಾಲ್ಟಿ ಒದೆತಗಳಲ್ಲಿ ಸೋತು ಒಲಿಂಪಿಕ್ಸನ್ನು ಕಳೆದುಕೊಂಡಿತು. 1987 ಮತ್ತು 1991ರಲ್ಲಿ ಆಗ್ನೇಯ ಏಷ್ಯಾ ಕ್ರೀಡಾಕೂಟದ ಚಿನ್ನ ಗೆದ್ದರೂ ಆಗ್ನೇಯ ಏಷ್ಯಾದ ಫುಟ್‌ಬಾಲ್ ಚಾಂಪಿಯನ್‌ಶಿಪ್ಪಿನ ಅಂತಿಮ ಘಟ್ಟದಲ್ಲಿ 2000ದಿಂದ 2020ರ ಪಂದ್ಯಾವಳಿಯವರೆಗೆ ಆರು ಬಾರಿ ಸೋತಿತು. 1998ರಲ್ಲಿ ಥಾಯ್ಲೆಂಡಿನೊಡನೆ ಆಡುವಾಗ, ಮುಂದಿನ ಸುತ್ತಿನಲ್ಲಿ ಆತಿಥೇಯ ವಿಯೆಟ್ನಾಮನ್ನು ಎದುರಿಸುವುದನ್ನು ತಪ್ಪಿಸಲೆಂದು ಇಂಡೋನೇಷ್ಯಾದ ಆಟಗಾರನೊಬ್ಬ ಬೇಕೆಂದೇ ತನ್ನ ಗೋಲಿಗೇ ಚೆಂಡನ್ನು ಒದ್ದನು. 2012ರಲ್ಲಿ ದೇಶದ ಲೀಗ್ ಎರಡಾಗಿ ಒಡೆದಿದ್ದಾಗ ಬಹರೇನ್ ವಿರುದ್ಧ 10–0ರ ಸೋಲು ಬಂದಿತು. ಆಡಳಿತದಲ್ಲಿ ಸರಕಾರದ ಹಸ್ತಕ್ಷೇಪಕ್ಕಾಗಿ 2015ರಲ್ಲಿ ಫಿಫಾ ಒಂದು ವರ್ಷ ಕಾಲ ಸಂಘವನ್ನು ಹೊರಗಿಟ್ಟಿತು.

2022ರ ಅಕ್ಟೋಬರ್ 1ರ ರಾತ್ರಿ ಮಲಾಂಗ್ ಬಳಿಯ ಕಂಜುರುಹಾನ್ ಕ್ರೀಡಾಂಗಣದಲ್ಲಿ ಲೀಗ್ ಪಂದ್ಯವೊಂದರ ನಂತರ ಪೊಲೀಸರು ಅಶ್ರುವಾಯು ಸಿಡಿಸಿದರು. ಬಾಗಿಲುಗಳತ್ತ ನುಗ್ಗಿದ ಜನಸಂದಣಿಯಲ್ಲಿ ಸಿಲುಕಿ 135 ಮಂದಿ ಸತ್ತರು. ಆರು ತಿಂಗಳೊಳಗೆ, ಇಸ್ರೇಲ್ ಕಿರಿಯರ ತಂಡದ ಬರವಿಗೆ ವಿರೋಧ ಎದ್ದ ಮೇಲೆ, 20 ವರ್ಷದೊಳಗಿನವರ ವಿಶ್ವಕಪ್ಪಿನ ಆತಿಥ್ಯವನ್ನು ಫಿಫಾ ಇಂಡೋನೇಷ್ಯಾದಿಂದ ಹಿಂತೆಗೆದುಕೊಂಡಿತು. ಸ್ವದೇಶದಲ್ಲಿ ವಿಶ್ವಕಪ್ ಆಡಲು ಸಿದ್ಧರಾಗುತ್ತಿದ್ದ ಕಿರಿಯರು 1957ರ ಹಿರಿಯರಂತೆಯೇ ಅವಕಾಶವನ್ನು ಕಳೆದುಕೊಂಡರು.

ಮರಳಿ ಬಂದ ಮೊಮ್ಮಕ್ಕಳು

ಸ್ವಾತಂತ್ರ್ಯದ ನಂತರದ ವರ್ಷಗಳಲ್ಲಿ ಮಿಶ್ರ ಸಂತತಿಯ ಲಕ್ಷಾಂತರ ಜನರು ಇಂಡೋನೇಷ್ಯಾವನ್ನು ತೊರೆದು ನೆದರ್ಲೆಂಡ್ಸಿಗೆ ಹೋದರು. 1951ರಲ್ಲಿ ಡಚ್ ಸೈನ್ಯದಲ್ಲಿದ್ದ ಮಲುಕು ದ್ವೀಪದ ಸೈನಿಕರೂ ಅವರ ಕುಟುಂಬಗಳೂ ಸೇರಿ ಸುಮಾರು 12,500 ಮಂದಿ ಅಲ್ಲಿಗೆ ಸಾಗಿದರು. ಹೀಗೆ ವಲಸೆ ಹೋದವರ ಮೊಮ್ಮಕ್ಕಳಲ್ಲಿ ಹಲವರು ಯುರೋಪಿನ ಕ್ಲಬ್ಬುಗಳಲ್ಲಿ ಆಟಗಾರರಾಗಿ ಬೆಳೆದರು. ಅಜ್ಜ ಅಜ್ಜಿಯರ ನಾಡಿನ ಪೌರತ್ವವನ್ನು ಪಡೆದು ಕೆಂಪು ಬಿಳಿ ಅಂಗಿ ತೊಡುವಂತೆ ಇಂಥವರನ್ನು ಸಂಘವು ಇತ್ತೀಚಿನ ವರ್ಷಗಳಲ್ಲಿ ಆಹ್ವಾನಿಸಿತು. ವಯಸ್ಕರಿಗೆ ಎರಡು ಪೌರತ್ವಗಳನ್ನು ಇಂಡೋನೇಷ್ಯಾದ ಕಾನೂನು ಮನ್ನಿಸುವುದಿಲ್ಲವಾದ್ದರಿಂದ ಅವರು ಹುಟ್ಟಿನಿಂದ ಬಂದ ಪೌರತ್ವವನ್ನು ಬಿಡಬೇಕಾಯಿತು. ನೆದರ್ಲೆಂಡ್ಸಿನಲ್ಲಿ ಹುಟ್ಟಿದ ಜೇ ಇಡ್ಜೆಸ್ ತಂಡದ ನಾಯಕರಾದರು.

ಫಲ ಕಂಡಿತು. 2024ರ ಆರಂಭದಲ್ಲಿ ಇಂಡೋನೇಷ್ಯಾ ಮೊದಲ ಬಾರಿಗೆ ಏಷ್ಯನ್ ಕಪ್ಪಿನಲ್ಲಿ ಗುಂಪು ಹಂತವನ್ನು ದಾಟಿತು. ಅದೇ ವರ್ಷದ ನವೆಂಬರಿನಲ್ಲಿ ಜಕಾರ್ತಾದಲ್ಲಿ ಸೌದಿ ಅರೇಬಿಯಾವನ್ನು 2–0ರಿಂದ ಸೋಲಿಸಿತು. ಆ ಎರಡೂ ಗೋಲುಗಳನ್ನು ಹೊಡೆದವರು ಇಂಡೋನೇಷ್ಯಾದಲ್ಲಿಯೇ ಹುಟ್ಟಿ ಬೆಳೆದ ಮಾರ್ಸೆಲಿನೊ ಫರ್ಡಿನಾನ್. 2025ರ ಅಕ್ಟೋಬರಿನಲ್ಲಿ ಸೌದಿ ಅರೇಬಿಯಾಕ್ಕೆ 3–2ರಿಂದ, ಇರಾಕಿಗೆ 1–0ರಿಂದ ಸೋತು ವಿಶ್ವಕಪ್ಪಿನ ದಾರಿ ಮತ್ತೆ ಮುಚ್ಚಿತು. ಆಗ ತಂಡದ ತರಬೇತುದಾರರಾಗಿದ್ದವರು ನೆದರ್ಲೆಂಡ್ಸಿನ ಪ್ರಸಿದ್ಧ ಆಟಗಾರ ಪ್ಯಾಟ್ರಿಕ್ ಕ್ಲೈವರ್ಟ್.

ಇಲ್ಲಿ ಒಂದು ಆಕ್ಷೇಪ ಎದ್ದಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಯುರೋಪಿನಲ್ಲಿ ಸಿದ್ಧರಾದ ಆಟಗಾರರನ್ನು ಕರೆತಂದರೆ ಊರಿನ ಮೈದಾನಗಳಲ್ಲಿ ಬೆಳೆಯುವ ಹುಡುಗರಿಗೆ ಸ್ಥಾನವೆಲ್ಲಿ? ಲೀಗಿನ ಲೋಪಗಳು ತಂಡದ ಗೆಲುವಿನ ಹಿಂದೆ ಮರೆಯಾಗುವುದಿಲ್ಲವೆ? ಕಂಜುರುಹಾನಿನ ನೆನಪಿರುವ ನಾಡಿನಲ್ಲಿ ಇದು ಸಹಜವಾದ ಪ್ರಶ್ನೆ.

ಆದರೂ 1938 ಮತ್ತು 2025ರ ತಂಡಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಅಂದಿನ ತಂಡ ದ್ವೀಪಗಳಲ್ಲಿ ಬೆಳೆದವರದು, ಆದರೂ ಇಂಡೋನೇಷ್ಯಾದ ತಂಡವಲ್ಲ. ಇಂದಿನ ತಂಡದ ಹಲವರು ಹುಟ್ಟಿದ್ದು ಡಚ್ ನಾಡಿನಲ್ಲಿ, ಆದರೂ ಅದು ಇಂಡೋನೇಷ್ಯಾದ ತಂಡ. ಹುಟ್ಟಿದ ಊರಾಗಲಿ ರಕ್ತವಾಗಲಿ ಈ ವ್ಯತ್ಯಾಸವನ್ನು ವಿವರಿಸಲಾರದು. ತಂಡವನ್ನು ಕರೆದವರು ಯಾರು, ಯಾವ ಹೆಸರಿನಿಂದ ಕರೆದರು, ಆ ಹೆಸರನ್ನು ಜನರು ತಮ್ಮದೆಂದು ಒಪ್ಪಿದ್ದರೆ ಎಂಬುದೇ ಅದನ್ನು ವಿವರಿಸುತ್ತದೆ. 1930ರಲ್ಲಿ ಯೋಗ್ಯಕಾರ್ತಾದಲ್ಲಿ ಸೇರಿದ ಏಳು ಊರುಗಳವರು ಪಡೆಯಲು ಹೊರಟದ್ದು ಆ ಹಕ್ಕನ್ನೇ.

ಚರ್ಚೆಗೆ

1. ದೇಶಕ್ಕಿಂತ ಮೊದಲೇ ಅದರ ಹೆಸರಿನ ಸಂಘವೊಂದು ಹುಟ್ಟಬಹುದಾದರೆ, ರಾಷ್ಟ್ರಭಾವನೆಯು ರೂಪುಗೊಳ್ಳುವ ಬಗೆಯ ಕುರಿತು ಅದು ಏನನ್ನು ತಿಳಿಸುತ್ತದೆ?
2. ಬಹುಸಂಖ್ಯಾತರ ಭಾಷೆಯ ಬದಲು ವ್ಯವಹಾರದ ಭಾಷೆಯನ್ನು ಐಕ್ಯದ ಭಾಷೆಯಾಗಿ ಆರಿಸಿದ್ದರಿಂದ ಆದ ಲಾಭನಷ್ಟಗಳೇನು?
3. 1957 ಮತ್ತು 2023ರ ಸಂದರ್ಭಗಳಲ್ಲಿ ರಾಜ್ಯದ ನಿಲುವಿಗೂ ಆಟಗಾರರ ಅವಕಾಶಕ್ಕೂ ಉಂಟಾದ ಸಂಘರ್ಷವನ್ನು ಹೋಲಿಸಿ.