ಮನೆಯ ಪಲ್ಲೆ ತೋಟಕ್ಕೂ ಒಂದು ವಹಿ ಇರಲಿ

ತಿಕೋಟಾ, ಬಬಲೇಶ್ವರ ಭಾಗದಲ್ಲಿ ರಫ್ತಿಗೆ ದ್ರಾಕ್ಷಿ ಬೆಳೆಯುವವರ ಮನೆಯಲ್ಲಿ ಒಂದು ವಹಿ ಇರುತ್ತದೆ. ಚಾಟ್ನಿ ಮಾಡಿದ ತಾರೀಖು, ಯಾವ ಔಷಧವನ್ನು ಯಾವ ದಿನ ಎಷ್ಟು ಪ್ರಮಾಣದಲ್ಲಿ ಸಿಂಪಡಿಸಿದರು, ಆಮೇಲೆ ಎಷ್ಟು ದಿನ ಬಿಟ್ಟು ಗೊನೆ ಕತ್ತರಿಸಬಹುದು, ಎಲ್ಲವನ್ನೂ ಅದರಲ್ಲಿ ಬರೆದಿಡುತ್ತಾರೆ. ಪರೀಕ್ಷೆಯಲ್ಲಿ ಔಷಧದ ಅಂಶ ಮಿತಿ ಮೀರಿದರೆ ಆ ಹಣ್ಣು ಯುರೋಪಿನ ಮಾರುಕಟ್ಟೆಗೆ ಹೋಗುವಂತಿಲ್ಲ. ಆದರೆ ಅದೇ ತೋಟದ ಬದುವಿನಲ್ಲಿ ಮನೆಗೆಂದು ಹಾಕಿದ ಮೆಂತ್ಯ, ಬದನೆ, ಟೊಮೆಟೊಗಳಿಗೆ ಯಾವ ವಹಿಯೂ ಇಲ್ಲ. ದೂರದ ದೇಶದ ಮಕ್ಕಳು ತಿನ್ನುವ ಹಣ್ಣಿಗೆ ಲೆಕ್ಕವಿದೆ, ನಮ್ಮ ಮಕ್ಕಳು ತಿನ್ನುವ ಪಲ್ಲೆಗೆ ಲೆಕ್ಕವಿಲ್ಲ. ಈ ಕೊರತೆಯನ್ನು ಒಂದು ನೋಟ್‌ಬುಕ್ಕಿನಿಂದ ತುಂಬಬಹುದು. ಹೇಗೆಂಬುದನ್ನು ಈ ಸಲ ನೋಡೋಣ.

ತೋಟ ಏಕೆ ಬೇಕು?

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ ಇದೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಇದು ಶೇ. 65.5. ರಕ್ತಹೀನತೆಗೆ ಕಾರಣಗಳು ಹಲವು. ಪಲ್ಲೆಯೊಂದರಿಂದಲೇ ಅದು ವಾಸಿಯಾಗುವುದಿಲ್ಲ, ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆಯನ್ನು ಬಿಡಬಾರದು. ಆದರೆ ಊಟದ ತಟ್ಟೆ ಖಾಲಿಯಿದ್ದರೆ ಮಾತ್ರೆಯ ಫಲವೂ ಹೆಚ್ಚು ದಿನ ನಿಲ್ಲದು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯಂತೆ ಒಬ್ಬರಿಗೆ ದಿನಕ್ಕೆ 400 ಗ್ರಾಂ ಕಾಯಿಪಲ್ಲೆ ಬೇಕು, ಅದರಲ್ಲಿ 100 ಗ್ರಾಂ ಸೊಪ್ಪು ಇರಬೇಕು. ರೊಟ್ಟಿ, ಅನ್ನ, ಸಾಲನ್ ತಪ್ಪದೆ ಮಾಡುವ ನಮ್ಮ ಎಷ್ಟೋ ಮನೆಗಳಲ್ಲಿ ಸೊಪ್ಪು ವಾರಕ್ಕೊಮ್ಮೆ ಬಂದರೆ ದೊಡ್ಡದು.

ಯೂನಾನಿ ಪದ್ಧತಿಯಲ್ಲಿ ಇಲಾಜ್ ಬಿಲ್ ಗಿಝಾ, ಅಂದರೆ ಆಹಾರದಿಂದ ಚಿಕಿತ್ಸೆ, ಔಷಧಕ್ಕಿಂತ ಮೊದಲು ಬರುತ್ತದೆ. ಅಂಗಳದ ತೋಟ ಅದಕ್ಕೆ ಹತ್ತಿರದ ದಾರಿ.

ಜಾಗವನ್ನು ಹಂಚಿಕೊಳ್ಳುವ ಬಗೆ

20 ಅಡಿ ಉದ್ದ, 15 ಅಡಿ ಅಗಲದ ಜಾಗವಿದೆ ಎಂದುಕೊಳ್ಳಿ. ಉದ್ದಕ್ಕೆ ನಡುವೆ 2 ಅಡಿ ದಾರಿ ಬಿಟ್ಟು ಎರಡು ಭಾಗ ಮಾಡಿ. ಒಂದೊಂದು ಭಾಗದಲ್ಲಿ 9 ಅಡಿ ಉದ್ದ, 3 ಅಡಿ ಅಗಲದ ಮೂರು ಮಡಿಗಳನ್ನು ತೆಗೆಯಿರಿ. ಮಡಿಗಳ ನಡುವೆ ಮತ್ತು ಅಂಚಿನಲ್ಲಿ ಒಂದೂವರೆ ಅಡಿ ಕಾಲುದಾರಿ ಉಳಿಯುತ್ತದೆ. 3 ಅಡಿಗಿಂತ ಅಗಲ ಬೇಡ. ಎರಡೂ ಕಡೆಯಿಂದ ಕೈ ಚಾಚಿ ಕಳೆ ಕೀಳುವಂತಿರಬೇಕು, ಮಣ್ಣನ್ನು ತುಳಿಯುವಂತಿರಬಾರದು. ನಮ್ಮ ಎರೆ ಮಣ್ಣು ಹಸಿಯಿದ್ದಾಗ ತುಳಿದರೆ ಗಟ್ಟಿಯಾಗಿ, ಒಣಗಿದಾಗ ಬಿರಿಯುತ್ತದೆ. ಮಳೆಗಾಲದಲ್ಲಿ ಮಡಿ ಅರ್ಧ ಅಡಿ ಎತ್ತರವಿರಲಿ.

ಆರು ಮಡಿಗಳಿಗೂ 1ರಿಂದ 6ರವರೆಗೆ ಸಂಖ್ಯೆ ಕೊಟ್ಟು, ವಹಿಯ ಮೊದಲ ಪುಟದಲ್ಲಿ ನಕ್ಷೆ ಬರೆಯಿರಿ. ಮುಂದಿನ ಬರವಣಿಗೆಯೆಲ್ಲ ಈ ಸಂಖ್ಯೆಯ ಮೇಲೆ ನಿಲ್ಲುತ್ತದೆ. ನಗರದಲ್ಲಿ ಮಾಳಿಗೆಯ ಮೇಲೆ ಕುಂಡ, ಚೀಲಗಳಲ್ಲಿ ಬೆಳೆಯುವವರು ಕುಂಡಗಳಿಗೇ ಸಂಖ್ಯೆ ಕೊಡಬಹುದು. ನುಗ್ಗೆ, ಕರಿಬೇವು, ಪುದೀನಾ ವರ್ಷಗಟ್ಟಲೆ ಇರುವಂಥವು, ಇವನ್ನು ಮಡಿಯಲ್ಲಿ ಹಾಕದೆ ಬಚ್ಚಲಿನ ಪಕ್ಕ ಅಥವಾ ಕಾಂಪೌಂಡಿನ ಅಂಚಿನಲ್ಲಿ ಹಾಕಿ.

ಬಿತ್ತನೆಗೆ ಯಾವ ತಾರೀಖು?

"ಹೋದ ವರ್ಷ ರಮಝಾನಿಗೆ ಮೊದಲು ಕೊತ್ತಂಬರಿ ಹಾಕಿದ್ದೆವು, ಚೆನ್ನಾಗಿ ಬಂತು" ಎಂದು ಹಲವರು ನೆನಪಿಡುತ್ತಾರೆ. ಈ ನೆನಪು ತೋಟಕ್ಕೆ ಸಾಲದು. ಹಿಜರಿ ವರ್ಷ ಚಂದ್ರನ ಲೆಕ್ಕದ್ದು, ಸುಮಾರು 354 ದಿನ. ಹೀಗಾಗಿ ರಮಝಾನ್ ಪ್ರತಿ ವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತದೆ. 2016ರಲ್ಲಿ ನಮ್ಮಲ್ಲಿ ಮೊದಲ ರೋಝಾ ಜೂನ್ 7ಕ್ಕೆ, ಮೃಗ ಮಳೆ ಕೂಡುವ ಹೊತ್ತಿಗೆ ಬಂದಿತ್ತು. 2025ರಲ್ಲಿ ಅದು ಮಾರ್ಚ್ 2ಕ್ಕೆ ಬಂತು. ಬೀಜಕ್ಕೆ ಬೇಕಾದ ಬಿಸಿಲು, ತೇವ, ಚಳಿ ಸೂರ್ಯನ ಲೆಕ್ಕದಲ್ಲಿ ನಡೆಯುತ್ತವೆ.

ನಮ್ಮ ಹಿರಿಯರಿಗೆ ಇದು ಚೆನ್ನಾಗಿ ಗೊತ್ತಿತ್ತು. ಬಿಜಾಪುರದ ಆದಿಲ್‌ಶಾಹಿ ದಫ್ತರಗಳಲ್ಲಿ ಹಿಜರಿಯ ಜೊತೆಗೆ ಶುಹೂರ್ ಸನ್ ಎಂಬ ಇನ್ನೊಂದು ವರ್ಷವೂ ಬಳಕೆಯಲ್ಲಿತ್ತು. ಅದರ ಸಂಖ್ಯೆಗಳು ಅರಬಿ, ವರ್ಷ ಮಾತ್ರ ಸೂರ್ಯನದು. ಸೂರ್ಯ ಮೃಗಶಿರಾ ನಕ್ಷತ್ರಕ್ಕೆ ಬಂದ ದಿನವೇ ಹೊಸ ವರ್ಷ, ಆದ್ದರಿಂದ ಅದನ್ನು ಮೃಗಸಾಲ ಎಂದೂ ಕರೆಯುತ್ತಿದ್ದರು. ನಮಾಝ್, ರೋಝಾ, ಹಬ್ಬಗಳಿಗೆ ಚಂದ್ರ, ಹೊಲಕ್ಕೆ ಮೃಗ ಎಂಬ ವಿಂಗಡಣೆ ಈ ನೆಲದಲ್ಲಿ ಹಳೆಯದು. ನೀವೂ ವಹಿಯಲ್ಲಿ ಇಂಗ್ಲಿಷ್ ತಾರೀಖು ಬರೆದು, ಪಕ್ಕದಲ್ಲಿ ಮಳೆಯ ಹೆಸರು ಬರೆಯಿರಿ. ರಮಝಾನಿಗೆ ಕೊತ್ತಂಬರಿ, ಪುದೀನಾ ಬೇಕೆಂದರೆ ಆ ವರ್ಷದ ಕ್ಯಾಲೆಂಡರ್ ನೋಡಿ 40 ದಿನ ಹಿಂದಕ್ಕೆ ಎಣಿಸಿ ಕೊತ್ತಂಬರಿ ಹಾಕಿ.

ನಮ್ಮ ಭಾಗಕ್ಕೆ ಸ್ಥೂಲವಾಗಿ ಹೀಗೆ ಇಟ್ಟುಕೊಳ್ಳಬಹುದು:

ಮೃಗ, ಆರಿದ್ರಾ (ಜೂನ್, ಜುಲೈ): ಬೆಂಡೆ, ಚವಳಿ, ಹೀರೆ, ಹಾಗಲ, ಸೋರೆ, ಪುಂಡಿ ಪಲ್ಲೆ (ನಮ್ಮ ಮನೆಗಳ ಅಂಬಾಡಾ). ಬದನೆ, ಮೆಣಸಿನ ಅಗೆ ಹಾಕಲು ಇದೇ ಸಮಯ.

ಉತ್ತರಿ, ಹಸ್ತ, ಚಿತ್ತಿ (ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್): ದೊಡ್ಡ ಮಳೆ ಇಳಿದ ಮೇಲೆ ಮೆಂತ್ಯ, ಪಾಲಕ, ಸಬ್ಬಸಗಿ, ಕೊತ್ತಂಬರಿ, ಮೂಲಂಗಿ, ಗಜ್ಜರಿ, ಟೊಮೆಟೊ. ಸೊಪ್ಪಿಗೆ ವರ್ಷದ ಒಳ್ಳೆಯ ಕಾಲ ಇದು.

ಫೆಬ್ರುವರಿ, ಮಾರ್ಚ್: ರಾಜಗಿರಿ, ಸೌತೆ, ಚವಳಿ. ನೆರಳು ಬಲೆ ಇದ್ದರೆ ಕೊತ್ತಂಬರಿ.

ಏಪ್ರಿಲ್, ಮೇ: 40 ಡಿಗ್ರಿ ದಾಟುವ ಬಿಸಿಲಿನಲ್ಲಿ ಎಲ್ಲ ಮಡಿಗಳನ್ನೂ ಉಳಿಸಲು ಹೋಗಬೇಡಿ. ಎರಡು ಮಡಿ ಸಾಕು. ಉಳಿದವನ್ನು ಅಗೆದು ಬಿಸಿಲಿಗೆ ಬಿಡಿ.

ಮೆಂತ್ಯದ ಮಡಿಯನ್ನು ಒಂದೇ ದಿನ ಬಿತ್ತಬೇಡಿ. ಮೂರು ಭಾಗ ಮಾಡಿ 10 ದಿನಕ್ಕೊಂದು ಭಾಗ ಬಿತ್ತಿ. ಮೆಂತ್ಯ 30 ದಿನದೊಳಗೆ ಕೊಯ್ಲಿಗೆ ಬರುವುದರಿಂದ ಒಂದು ಭಾಗ ಕಿತ್ತಾಗ ಮುಂದಿನದು ಬೆಳೆಯುತ್ತಿರುತ್ತದೆ. ಒಮ್ಮೆಲೇ ಬಿತ್ತಿದರೆ ನಾಲ್ಕು ದಿನ ಹೊಟ್ಟೆ ತುಂಬ ಪಲ್ಲೆ, ಆಮೇಲೆ ತಿಂಗಳು ಏನೂ ಇಲ್ಲ.

ವಹಿಯಲ್ಲಿ ಏನು ಬರೆಯಬೇಕು?

ಒಂದು ಬೆಳೆಗೆ ಒಂದು ಸಾಲು ಸಾಕು: ಬಿತ್ತಿದ ದಿನ, ಮಡಿಯ ಸಂಖ್ಯೆ, ಬೆಳೆ, ಬೀಜ ಎಲ್ಲಿಂದ ತಂದದ್ದು, ಮೊಳಕೆ ಬಂದ ದಿನ, ಹಾಕಿದ ಗೊಬ್ಬರ, ಸಿಂಪಡಿಸಿದ್ದು ಮತ್ತು ಅದರ ದಿನ, ಮೊದಲ ಕೊಯ್ಲು, ಕೊನೆಯ ಕೊಯ್ಲು, ಷರಾ. ಉದಾಹರಣೆಗೆ:

"ಜೂನ್ 12, ಮೃಗ. ಮಡಿ 2. ಬೆಂಡೆ, ಅಂಗಡಿ ಬೀಜ. ಜೂನ್ 18ಕ್ಕೆ ಮೊಳಕೆ. ಕೊಳೆತ ಗೊಬ್ಬರ 2 ಬುಟ್ಟಿ. ಜುಲೈ 10 ಬೇವಿನ ಕಷಾಯ. ಜುಲೈ 31 ಮೊದಲ ಕೊಯ್ಲು. ಷರಾ: ಎಲೆಯ ನರ ಹಳದಿ, ನಾಲ್ಕು ಗಿಡ ಕಿತ್ತೆವು."

ಈ ಸಾಲು ಮುಂದಿನ ವರ್ಷ ಕೆಲಸಕ್ಕೆ ಬರುತ್ತದೆ. ಬೆಂಡೆ ಇದ್ದ 2ನೇ ಮಡಿಗೆ ಮತ್ತೆ ಬೆಂಡೆ ಹಾಕಬಾರದು, ಪುಂಡಿಯನ್ನೂ ಹಾಕಬಾರದು. ನೋಡಲು ಬೇರೆಯಾದರೂ ಬೆಂಡೆ, ಪುಂಡಿ, ಹತ್ತಿ ಒಂದೇ ಕುಟುಂಬದವು. ಹಾಗೆಯೇ ಬದನೆ, ಟೊಮೆಟೊ, ಮೆಣಸು, ಆಲೂಗಡ್ಡೆ ಒಂದು ಕುಟುಂಬ. ಸೋರೆ, ಹೀರೆ, ಹಾಗಲ, ಸೌತೆ ಇನ್ನೊಂದು. ಮೆಂತ್ಯ, ಚವಳಿ, ಅವರೆ ಮತ್ತೊಂದು. ಒಂದೇ ಕುಟುಂಬ ಒಂದೇ ಮಡಿಯಲ್ಲಿ ಮರುಕಳಿಸಿದರೆ ಅದಕ್ಕೆ ಹತ್ತುವ ರೋಗ, ಹುಳು ಮಣ್ಣಿನಲ್ಲೇ ನೆಲೆಯಾಗುತ್ತವೆ. ಆಗ ಔಷಧ ಹೊಡೆಯುವ ಗೋಜು ಹೆಚ್ಚುತ್ತದೆ. ಎರಡು ವರ್ಷ ಬಿಟ್ಟು ತಿರುಗಿಸಿದರೆ ಅದು ತಾನಾಗಿ ತಗ್ಗುತ್ತದೆ. ಎರಡು ವರ್ಷದ ಹಿಂದೆ ಯಾವ ಮಡಿಯಲ್ಲಿ ಏನಿತ್ತು ಎಂಬುದು ವಹಿ ಇಲ್ಲದೆ ಯಾರಿಗೂ ನೆನಪಿರುವುದಿಲ್ಲ.

ಬರವಣಿಗೆ ಕನ್ನಡದಲ್ಲಿರಲಿ, ಉರ್ದುವಿನಲ್ಲಿರಲಿ, ಮನೆಯವರಿಗೆ ಓದಲು ಬಂದರೆ ಸಾಕು. ಅಜ್ಜಿ ಹೇಳಲಿ, ಶಾಲೆಗೆ ಹೋಗುವ ಮೊಮ್ಮಗಳು ಬರೆಯಲಿ. ಇಬ್ನ್ ಸೀನಾ ತಮ್ಮ 'ಅಲ್ ಕಾನೂನ್' ಗ್ರಂಥದಲ್ಲಿ ಗಿಡಮೂಲಿಕೆಗಳನ್ನು ಯಾವಾಗ ಕೊಯ್ಯಬೇಕು, ಹೇಗೆ ಕಾಪಿಡಬೇಕು ಎಂಬುದನ್ನೂ ಬರೆದಿಟ್ಟರು. ನಮ್ಮ ಬಿಜಾಪುರದಲ್ಲೇ, ಎರಡನೇ ಇಬ್ರಾಹಿಂ ಆದಿಲ್‌ಶಾಹನ ಆಸ್ಥಾನದಲ್ಲಿದ್ದ ಇತಿಹಾಸಕಾರ ಫಿರಿಶ್ತಾ ವೈದ್ಯ ವಿಷಯವನ್ನೂ ಬಲ್ಲವರು. ಈ ದೇಶದ ವೈದ್ಯ ಪದ್ಧತಿಯ ಬಗ್ಗೆ ಪಾರಸಿಯಲ್ಲಿ 'ದಸ್ತೂರುಲ್ ಅತಿಬ್ಬಾ' ಬರೆದರು. ನೋಡಿದ್ದನ್ನು ಬರೆದಿಡುವುದು ಹಕೀಮರ ಹಳೆಯ ಅಭ್ಯಾಸ.

ಎಲ್ಲಕ್ಕಿಂತ ಮುಖ್ಯವಾದ ಕಾಲಂ

"ಈ ಪಲ್ಲೆಗೆ ಔಷಧ ಯಾವಾಗ ಹೊಡೆದಿರಿ?" ಎಂದು ಕೇಳಿದರೆ "ಮೊನ್ನೆಯೋ ಆಚೆ ಮೊನ್ನೆಯೋ" ಎಂಬ ಉತ್ತರ ಬರುತ್ತದೆ. ಎಲೆಯನ್ನೇ ತಿನ್ನುವ ಸೊಪ್ಪಿನಲ್ಲಿ ಈ ಮೊನ್ನೆ, ಆಚೆ ಮೊನ್ನೆಯ ವ್ಯತ್ಯಾಸ ಸಣ್ಣದಲ್ಲ. ಪ್ರತಿ ಕೀಟನಾಶಕದ ಜೊತೆಗೂ ಬರುವ ಚೀಟಿಯಲ್ಲಿ ಯಾವ ಬೆಳೆಗೆ, ಸಿಂಪಡಿಸಿದ ಮೇಲೆ ಎಷ್ಟು ದಿನ ಕಾಯಬೇಕು ಎಂದು ಇರುತ್ತದೆ. ದ್ರಾಕ್ಷಿಗೆಂದು ಬರೆದ ದಿನಗಳು ಮೆಂತ್ಯಕ್ಕೆ ಅನ್ವಯಿಸುವುದಿಲ್ಲ. ಪಡದಲ್ಲಿ ಹೊಡೆದು ಟ್ಯಾಂಕಿನಲ್ಲಿ ಉಳಿದದ್ದನ್ನು "ವ್ಯರ್ಥವಾಗುವುದು ಬೇಡ" ಎಂದು ಪಲ್ಲೆಗೆ ಹೊಡೆಯುವುದನ್ನು ಇಂದೇ ನಿಲ್ಲಿಸಿ.

ಇನ್ನೊಂದು ತೊಡಕಿದೆ. ಸೊಪ್ಪಿಗೆ ಒಳ್ಳೆಯ ಕಾಲವಾದ ಅಕ್ಟೋಬರಿನಲ್ಲೇ ದ್ರಾಕ್ಷಿಯ ಚಾಟ್ನಿ ನಡೆದು, ಮುಂದಿನ ತಿಂಗಳುಗಳಲ್ಲಿ ಸಿಂಪರಣೆ ಒತ್ತಾಗಿ ನಡೆಯುತ್ತದೆ. ಗಾಳಿಯಲ್ಲಿ ತೂರಿ ಬಂದ ಹನಿ ಬದುವಿನ ಪಲ್ಲೆಯ ಮೇಲೆ ಕೂರುತ್ತದೆ. ಆದ್ದರಿಂದ ಪಲ್ಲೆ ಮಡಿ ಪಡದ ಬದುವಿನಲ್ಲಿ ಬೇಡ, ಮನೆಯ ಹಿತ್ತಲಲ್ಲಿ ಇರಲಿ. ನಡುವೆ ನುಗ್ಗೆ ಅಥವಾ ಎತ್ತರದ ಜೋಳದ ಸಾಲು ಇರಲಿ. ನೆರೆಯ ಪಡದಲ್ಲಿ ಸಿಂಪಡಿಸಿದ ದಿನವನ್ನೂ ವಹಿಯಲ್ಲಿ ಬರೆಯಿರಿ. ಸಿಂಪರಣೆ ನಡೆಯುವುದು ಗೊತ್ತಿದ್ದರೆ ಬೆಳೆದ ಸೊಪ್ಪನ್ನು ಮೊದಲೇ ಕೊಯ್ದುಕೊಳ್ಳಿ.

ಮನೆ ತೋಟಕ್ಕೆ ಸಾಧ್ಯವಾದಷ್ಟು ರಾಸಾಯನಿಕವೇ ಬೇಡ. 50 ಗ್ರಾಂ ಬೇವಿನ ಬೀಜದ ಪುಡಿಯನ್ನು 1 ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಸೋಸಿ ಸಂಜೆ ಸಿಂಪಡಿಸಿ. ಅಂಗಡಿಯ ಔಷಧ ಅನಿವಾರ್ಯವಾದರೆ ಡಬ್ಬಿಯ ಮೇಲಿನ ತ್ರಿಕೋನ ನೋಡಿ. ಕೆಂಪು ಅತಿ ವಿಷಕಾರಿ, ಹಳದಿ ಅದರ ನಂತರದ್ದು, ನೀಲಿ ಮಧ್ಯಮ, ಹಸಿರು ಕಡಿಮೆ. ಕೆಂಪು, ಹಳದಿ ಮನೆಯ ತೋಟಕ್ಕೆ ಬರಲೇಬಾರದು. ಔಷಧವನ್ನು ಅಡುಗೆ ಮನೆಯಲ್ಲಿ, ತಂಪು ಪಾನೀಯದ ಬಾಟಲಿಯಲ್ಲಿ ಇಡಬೇಡಿ. ಸಿಂಪಡಿಸಿದ ಮೇಲೆ ಅಥವಾ ಅಂಥ ಪಲ್ಲೆ ತಿಂದ ಮೇಲೆ ವಾಂತಿ, ಜೊಲ್ಲು, ಬೆವರು, ಕಣ್ಣು ಮಂಜು, ಉಸಿರಿನ ತೊಂದರೆ ಕಂಡರೆ ಮನೆಮದ್ದು ಬೇಡ. ನಮ್ಮಂಥ ಹಕೀಮರ ಬಳಿಗೂ ಬರಬೇಡಿ. ಬಲವಂತವಾಗಿ ವಾಂತಿ ಮಾಡಿಸದೆ, ಡಬ್ಬಿಯನ್ನೂ ವಹಿಯನ್ನೂ ಹಿಡಿದು ನೇರವಾಗಿ ದೊಡ್ಡ ಆಸ್ಪತ್ರೆಗೆ ಹೋಗಿ. ಯಾವ ಔಷಧ, ಯಾವ ದಿನ ಎಂಬುದು ಅಲ್ಲಿನ ವೈದ್ಯರಿಗೆ ತಕ್ಷಣ ಬೇಕಾಗುತ್ತದೆ.

ನೀರು ಮತ್ತು ಶುಚಿತ್ವ

ಬೇಸಿಗೆಯಲ್ಲಿ ಒಂದು ಮಡಿಗೆ ದಿನಕ್ಕೆ 12ರಿಂದ 15 ಲೀಟರ್ ನೀರು ಸಾಕು. ವುಝೂಗೆ ಒಬ್ಬರು 2 ಲೀಟರ್ ಬಳಸಿದರೂ, ನಾಲ್ವರ ಮನೆಯಲ್ಲಿ ಐದು ಹೊತ್ತಿಗೆ 40 ಲೀಟರ್ ಆಗುತ್ತದೆ. ಸಾಬೂನು ಬೆರೆಯದ ಈ ನೀರನ್ನು ಹಿಡಿದು ಬುಡಕ್ಕೆ ಹಾಕಿದರೆ ಮೂರು ಮಡಿಗಳು ತಣಿಯುತ್ತವೆ. ಎಲೆಯ ಮೇಲೆ ಸುರಿಯಬೇಡಿ. ಗಟಾರದ ನೀರು, ಹಸಿ ಸಗಣಿ ಸೊಪ್ಪಿನ ಮಡಿಗೆ ಸಲ್ಲದು. ಅವುಗಳಿಂದ ಜಂತುಹುಳು, ಭೇದಿ ಹರಡುತ್ತವೆ. ಚೆನ್ನಾಗಿ ಕೊಳೆತ ಗೊಬ್ಬರವನ್ನೇ ಹಾಕಿ. ಕೊಯ್ದ ಸೊಪ್ಪನ್ನು ಎರಡು ಮೂರು ನೀರಿನಲ್ಲಿ ತೊಳೆಯಿರಿ. ತೊಳೆದರೆ ಮಣ್ಣು, ಮೇಲಿನ ಧೂಳು ಹೋಗುತ್ತವೆ, ಎಲೆಯೊಳಗೆ ಇಳಿದ ಔಷಧ ಹೋಗುವುದಿಲ್ಲ. ಮಣ್ಣಿನ ಕೆಲಸ ಮುಗಿದ ಮೇಲೆ ಮಕ್ಕಳ ಕೈ, ಉಗುರು ಸಾಬೂನಿನಿಂದ ತೊಳೆಸಿ.

ಯಾರಿಗೆ ಯಾವುದು?

ಯೂನಾನಿ ಲೆಕ್ಕದಲ್ಲಿ ಮೆಂತ್ಯ, ಪುದೀನಾ ಗರಮ್, ಪಾಲಕ, ಸೋರೆ, ಸೌತೆ ಸರ್ದ್. ಚಳಿಗೆ ಮೊದಲಿನವು, ಬಿಸಿಲಿಗೆ ಎರಡನೆಯವು ಹಿತ. ಮಡಿ ಹಂಚುವಾಗ ಎರಡಕ್ಕೂ ಜಾಗ ಕೊಡಿ. ಸೊಪ್ಪಿನ ಕಬ್ಬಿಣ ಮೈಗೆ ಹತ್ತಲು ಜೊತೆಗೆ ಲಿಂಬೆ ಹಿಂಡಿ. ಊಟದ ಬೆನ್ನಿಗೆ ಚಹಾ ಕುಡಿಯಬೇಡಿ. ಮೂತ್ರಕೋಶದಲ್ಲಿ ಕಲ್ಲಾದವರು ಪಾಲಕವನ್ನು ವೈದ್ಯರನ್ನು ಕೇಳಿ ತಿನ್ನಬೇಕು. ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರು ಮೆಂತ್ಯ ಕಾಳನ್ನು ಹೆಚ್ಚಾಗಿ ತಿನ್ನುವುದಾದರೆ ಸಕ್ಕರೆ ಪರೀಕ್ಷಿಸಿಕೊಳ್ಳುತ್ತಿರಲಿ. ರಕ್ತ ತಿಳಿಯಾಗಿಸುವ ಮಾತ್ರೆ ಇರುವವರು ಸೊಪ್ಪಿನ ಪ್ರಮಾಣವನ್ನು ಏಕಾಏಕಿ ಏರಿಳಿಸಬಾರದು.

ಬೀಜ, ತಳಿ, ರೋಗಗಳ ಬಗ್ಗೆ ಸಂದೇಹವಿದ್ದರೆ ವಿಜಯಪುರದ ಹಿಟ್ಟಿನಹಳ್ಳಿ ಫಾರ್ಮಿನಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಬಹುದು. ಹೋಗುವಾಗ ವಹಿ ಜೊತೆಗಿರಲಿ.

ಆರು ಮಡಿ ಒಮ್ಮೆಲೇ ಕಷ್ಟವೆನಿಸಿದರೆ ಈ ವಾರ ಎರಡು ಮಡಿಯಿಂದ ಆರಂಭಿಸಿ. 100 ಪುಟದ ನೋಟ್‌ಬುಕ್ ತಂದು ನಕ್ಷೆ ಬರೆಯಿರಿ, ಪೆನ್ನನ್ನು ದಾರದಿಂದ ಕಟ್ಟಿ ಹಿತ್ತಲ ಬಾಗಿಲಿಗೆ ತೂಗು ಹಾಕಿ. ಬಿತ್ತಿದ ದಿನವೇ ಮೊದಲ ಸಾಲು ಬರೆಯಿರಿ. ಇನ್‌ಶಾ ಅಲ್ಲಾಹ್, ತಿಂಗಳೊಳಗೆ ಕೊಯ್ಲಿನ ಕಾಲಂ ತುಂಬುವ ದಿನ ಬರುತ್ತದೆ.