ಎಂಟು ಹಾಕಿದ ಮೇಲಿನ ದಾರಿ

ಚಿ. ಪುಟ್ಟಿ,

ಹದಿನೆಂಟು ತುಂಬಿತು, ಬೈಕ್ ಲೈಸೆನ್ಸ್ ಮಾಡಿಸಬೇಕು, ಚನ್ನರಾಯಪಟ್ಟಣದಿಂದ ಹಾಸನದ ಕಾಲೇಜಿಗೆ ಬೈಕಿನಲ್ಲೇ ಓಡಾಡುತ್ತೇನೆ ಅಂತ ನೀನು ಹಟ ಹಿಡಿದಿರುವುದನ್ನು ನಿಮ್ಮಮ್ಮ ಹೇಳಿದಳು. "ಹೆಣ್ಣುಹುಡುಗಿಗೆ ಬೈಕ್ ಯಾಕಣ್ಣ, ಬೇಕಾದರೆ ಸ್ಕೂಟಿ ತಗೊಳ್ಳಲಿ. ನೀನೇ ಒಂದು ಮಾತು ಬುದ್ಧಿ ಹೇಳು" ಅಂದಳು. ಆ ಬುದ್ಧಿಯನ್ನು ನಾನು ಹೇಳುವುದಿಲ್ಲ. ಸ್ಕೂಟಿಗೂ ಎರಡೇ ಚಕ್ರ. ಬಿದ್ದರೆ ಅದೇ ಟಾರು, ಅದೇ ತಲೆ. ನಿಮ್ಮ ಮನೆಯ ಗಂಡುಹುಡುಗರು ಮೀಸೆ ಬರುವ ಮುಂಚೆಯೇ ಗಾಡಿ ಹತ್ತಿದಾಗ ಯಾರಿಗೂ ಆಗದ ಭಯ ಈಗ ನಿನ್ನ ಸರದಿ ಬಂದಾಗ ಆಗುವುದು ನ್ಯಾಯವಲ್ಲ. ಅವರ ವಿಷಯದಲ್ಲೂ ಆ ಭಯ ಇರಬೇಕಿತ್ತು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಲೈಸೆನ್ಸ್ ಮಾಡಿಸು, ಗೇರ್ ಗಾಡಿಯದೇ ಮಾಡಿಸು. ಆದರೆ ದಿನಾ ಹೈವೇ ಹಿಡಿದು ಹಾಸನಕ್ಕೆ ಬೈಕಿನಲ್ಲಿ ಹೋಗುವುದಕ್ಕೆ ಸದ್ಯಕ್ಕೆ ನನ್ನ ಒಪ್ಪಿಗೆಯಿಲ್ಲ. ಇವೆರಡೂ ಬೇರೆ ಬೇರೆ ವಿಷಯ, ಒಂದಕ್ಕೊಂದು ಗಂಟು ಹಾಕಬೇಡ. ಯಾಕೆ ಅಂತ ಬರೆಯುತ್ತೇನೆ. ನಿನ್ನ ವಾರಗೆಯ ಮಕ್ಕಳೂ ಓದಲಿ ಅಂತ ಇದನ್ನು ಪತ್ರಿಕೆಗೂ ಕೊಡುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ.

ರಸ್ತೆಯಲ್ಲಿ ಯಾರಾದರೂ ಹೋಗಿಬಿಟ್ಟರೆ ನಮ್ಮ ಕಡೆ ಮೊದಲು ಬಾಯಿಗೆ ಬರುವ ಮಾತು, "ಪಾಪ, ಅವನ ಆಯಸ್ಸು ಅಷ್ಟೇ ಇತ್ತು." ಸಾವಾದ ಮನೆಯಲ್ಲಿ ಆ ಮಾತಿನಿಂದ ನಾಲ್ಕು ಜನಕ್ಕೆ ಸಮಾಧಾನ ಆಗುವುದಾದರೆ ಆಗಲಿ. ಗಾಡಿ ಸ್ಟಾರ್ಟ್ ಮಾಡುವವರ ತಲೆಯಲ್ಲಿ ಮಾತ್ರ ಅದು ಇರಬಾರದು. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಲೆಕ್ಕದ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅದರಲ್ಲಿ 74,897 ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಹೆಲ್ಮೆಟ್ ಇಲ್ಲದೆ ಸತ್ತವರು, ಓಡಿಸುತ್ತಿದ್ದವರೂ ಹಿಂದೆ ಕೂತವರೂ ಸೇರಿ, 50,029. ಮೂರರಲ್ಲಿ ಎರಡು ಪಾಲು. ಅಷ್ಟೂ ಜನರ ಹಣೆಯಲ್ಲಿ ಒಂದೇ ಬರಹ ಬರೆದಿತ್ತು ಅಂದರೆ ನಾನು ನಂಬುವುದಿಲ್ಲ. ಬೈಕಿನ ಅಪಾಯ ಇಡಿಯಾಗಿ ಎಲ್ಲಿಂದಲೋ ಬಂದು ಮೇಲೆ ಬೀಳುವಂಥದ್ದಲ್ಲ. ಅದರಲ್ಲಿ ನಿನ್ನ ಕೈಯಲ್ಲಿರುವ ಭಾಗ ಇದೆ, ಬೇರೆಯವರ ಕೈಯಲ್ಲಿರುವ ಭಾಗ ಇದೆ. ಯಾವುದು ಎಷ್ಟು ಅಂತ ನೋಡಿಕೊಂಡು ತೀರ್ಮಾನ ಮಾಡಬೇಕು.

ಬೇರೆಯವರ ಕೈಯಲ್ಲಿರುವುದನ್ನೇ ಮೊದಲು ಹೇಳುತ್ತೇನೆ, ಯಾಕೆಂದರೆ ಅದು ನನಗೆ ಚೆನ್ನಾಗಿ ಗೊತ್ತು. ಶಿರಾಡಿ ಘಾಟಿಯಲ್ಲಿ ಬಸ್ಸಿನ ಸ್ಟೇರಿಂಗ್ ಹಿಡಿದೇ ತಲೆ ನರೆತವನು ನಾನು. ಡ್ರೈವರ್ ಸೀಟಿನಿಂದ ಬೈಕ್ ಹೇಗೆ ಕಾಣುತ್ತದೆ ಅನ್ನುವುದನ್ನು ಡ್ರೈವಿಂಗ್ ಟೆಸ್ಟಿನಲ್ಲಿ ಯಾರೂ ತೋರಿಸುವುದಿಲ್ಲ. ಎದುರಿನಿಂದ ಬರುವ ಬೈಕ್ ನಮಗೆ ಬರೀ ಒಂದು ಗೆರೆ. ಕಾರಿಗೆ ಅಗಲ ಇರುತ್ತದೆ, ಹತ್ತಿರ ಬಂದಷ್ಟೂ ದೊಡ್ಡದಾಗುವುದು ಕಣ್ಣಿಗೆ ಗೊತ್ತಾಗುತ್ತದೆ. ಬೈಕ್ ಎಷ್ಟು ದೂರದಲ್ಲಿದೆ, ಯಾವ ಸ್ಪೀಡಿನಲ್ಲಿದೆ ಅನ್ನುವ ಅಂದಾಜು ಅಷ್ಟು ಸುಲಭವಾಗಿ ಸಿಗುವುದಿಲ್ಲ. ಮುಂದಿನ ಗಾಜಿನ ಪಕ್ಕ ಕಂಬ ಇರುತ್ತದಲ್ಲ, ತಿರುವಿನಲ್ಲಿ ಅದರ ಹಿಂದೆ ಇಡೀ ಬೈಕ್, ಸವಾರನ ಸಮೇತ, ಮರೆಯಾಗಿಬಿಡುತ್ತದೆ. ನಾವು ಸೀಟಿನಲ್ಲೇ ಮುಂದಕ್ಕೆ ಬಗ್ಗಿ ಇಣುಕಿ ನೋಡಬೇಕು. ಪ್ರತಿಯೊಬ್ಬ ಡ್ರೈವರೂ ಬಗ್ಗಿ ನೋಡುತ್ತಾನೆ ಅಂತ ನೀನು ಲೆಕ್ಕ ಇಟ್ಟುಕೊಳ್ಳಬೇಡ.

ಎಡಗಡೆ ಇನ್ನೂ ಕಷ್ಟ. ಬೆಳಗಿನ ರಶ್ಶಿನಲ್ಲಿ ಮೆಟ್ಟಿಲ ಹತ್ತಿರ ಕಾಲೇಜು ಮಕ್ಕಳು ತುಂಬಿಕೊಂಡರೆ ಎಡಗಡೆಯ ಕನ್ನಡಿಯೇ ಮುಚ್ಚಿಹೋಗುತ್ತದೆ. ಆಗಲೇ ಬಸ್ಸಿಗೂ ರಸ್ತೆಯ ಅಂಚಿಗೂ ನಡುವೆ ಸಿಗುವ ಸಂದಿನಲ್ಲಿ ಬೈಕಿನವರು ನುಗ್ಗುತ್ತಾರೆ. ಬಸ್ಸು, ಲಾರಿ ಎಡಕ್ಕೆ ತಿರುಗುವಾಗ ಮುಂದಿನ ಚಕ್ರ ಹೋದ ಜಾಡಿನಲ್ಲಿ ಹಿಂದಿನ ಚಕ್ರ ಬರುವುದಿಲ್ಲ, ಒಳಕ್ಕೆ ಕತ್ತರಿಸಿಕೊಂಡು ಬರುತ್ತದೆ. ಆ ಸಂದಿನಲ್ಲಿ ಇದ್ದವರಿಗೆ ಹೋಗಲು ಜಾಗವೇ ಇರುವುದಿಲ್ಲ. ಪುಟ್ಟಿ, ಎಷ್ಟೇ ತಡವಾಗಿರಲಿ, ದೊಡ್ಡ ಗಾಡಿಯ ಎಡಗಡೆಯಿಂದ ನುಗ್ಗಬೇಡ. ಅದರ ಕನ್ನಡಿಯಲ್ಲಿ ಡ್ರೈವರಿನ ಮುಖ ನಿನಗೆ ಕಾಣದಿದ್ದರೆ ನೀನೂ ಅವನಿಗೆ ಕಾಣುತ್ತಿಲ್ಲ ಅಂತಲೇ ತಿಳಿದುಕೋ. ಹಾರನ್ ಹೊಡೆದೆ, ಅವನಿಗೆ ಕೇಳಿಸಿರುತ್ತದೆ ಅಂತಲೂ ಅಂದುಕೊಳ್ಳಬೇಡ. ಬಸ್ಸಿನೊಳಗೆ ಇಂಜಿನ್ ಸದ್ದು, ಜನರ ಮಾತು, ಕಂಡಕ್ಟರಿನ ಸೀಟಿ ಎಲ್ಲ ಇರುತ್ತದೆ.

ಇದು ನನ್ನೊಬ್ಬನ ಅನುಭವ ಅಲ್ಲ. ಅಮೆರಿಕದ ಲಾಸ್ ಏಂಜಲೀಸ್ ಕಡೆ ಹ್ಯಾರಿ ಹರ್ಟ್ ಎಂಬ ಸಂಶೋಧಕರ ತಂಡ 900 ಬೈಕ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಿ 1981ರಲ್ಲಿ ವರದಿ ಕೊಟ್ಟಿತು. ಮುಕ್ಕಾಲು ಪಾಲು ಅಪಘಾತ ಇನ್ನೊಂದು ವಾಹನಕ್ಕೆ ಡಿಕ್ಕಿಯಾಗಿ ಆದದ್ದು. ಅಂಥವುಗಳಲ್ಲಿ ಮೂರಕ್ಕೆ ಎರಡರಲ್ಲಿ ತಪ್ಪು ಆ ಇನ್ನೊಂದು ವಾಹನದ್ದೇ, ಬೈಕ್ ಕಾಣದೆ ಅಡ್ಡ ಬಂದದ್ದೇ ಹೆಚ್ಚು. ನೀನು ಕೂತು ಓದುವಂತಿದ್ದರೆ ಇನ್ನೂ ಎರಡು ಅಂಶ ಅದರಲ್ಲಿ ನೋಡು. ಅಪಘಾತಕ್ಕೆ ಸಿಕ್ಕವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಆ ಗಾಡಿಯಲ್ಲಿ ಐದು ತಿಂಗಳ ಅನುಭವವೂ ಇರಲಿಲ್ಲ. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಸವಾರರು ತಾವೇ ಕಲಿತವರು, ಇಲ್ಲವೇ ಮನೆಯವರಿಂದ, ಗೆಳೆಯರಿಂದ ಕಲಿತವರು. ಆದ್ದರಿಂದ ಮಾವ ಕಲಿಸಿದ ಮಾತ್ರಕ್ಕೆ ಕಲಿತಾಯಿತು ಅಂದುಕೊಳ್ಳಬೇಡ.

ಲೈಸೆನ್ಸಿನ ಕೆಲಸ ಈಗ ಸುಲಭ. ಸಾರಥಿ ವೆಬ್‌ಸೈಟಿನಲ್ಲಿ ಅರ್ಜಿ ಹಾಕಿ, ಸಂಚಾರ ನಿಯಮದ ಪರೀಕ್ಷೆ ಬರೆದರೆ ಎಲ್‌ಎಲ್, ಅಂದರೆ ಕಲಿಯುವವರ ಲೈಸೆನ್ಸ್, ಸಿಗುತ್ತದೆ. ಅದಕ್ಕೆ ಆರು ತಿಂಗಳ ಅವಧಿ. 30 ದಿನ ಕಳೆದ ಮೇಲೆ ಡ್ರೈವಿಂಗ್ ಟೆಸ್ಟ್. ಗಾಡಿಯ ಹಿಂದೆ ಮುಂದೆ ಬಿಳಿ ಹಲಗೆಯ ಮೇಲೆ ಕೆಂಪು ಎಲ್ ಅಂಟಿಸಿಕೋ, ನಾಚಿಕೆ ಬೇಡ. ಗೇರ್ ಬೈಕಿನ ಲೈಸೆನ್ಸ್ ಇದ್ದರೆ ಸ್ಕೂಟರೂ ಓಡಿಸಬಹುದು, ಸ್ಕೂಟರಿನದು ಮಾತ್ರ ಇದ್ದರೆ ಬೈಕ್ ಓಡಿಸುವಂತಿಲ್ಲ. ಬ್ರೋಕರ್ ಹಿಡಿದು ಟೆಸ್ಟ್ ತಪ್ಪಿಸಿಕೊಳ್ಳುವ ಮಾತು ಮನೆಯಲ್ಲಿ ಯಾರಾದರೂ ಎತ್ತಿದರೆ ಬೇಡ ಅನ್ನು. ಟೆಸ್ಟಿನಲ್ಲಿ ಫೇಲಾದರೆ ನಷ್ಟವಿಲ್ಲ, ಇನ್ನೊಮ್ಮೆ ಕೊಡಬಹುದು.

ಟ್ರ್ಯಾಕಿನಲ್ಲಿ ಎಂಟು ಹಾಕಿಸುತ್ತಾರೆ, ಕಾಲು ನೆಲಕ್ಕೆ ತಾಗಬಾರದು. ಫಸ್ಟ್ ಗೇರಿನಲ್ಲಿ ಕ್ಲಚ್ಚನ್ನು ಅರ್ಧ ಬಿಟ್ಟು ಹಿಡಿ, ಆಕ್ಸಿಲರೇಟರ್ ಒಂದೇ ಸಮ ಇರಲಿ, ಸ್ಪೀಡನ್ನು ಹಿಂದಿನ ಬ್ರೇಕಿನಿಂದ ಮೆಲ್ಲಗೆ ಹಿಡಿತದಲ್ಲಿಟ್ಟುಕೋ. ಮುಂದಿನ ಚಕ್ರವನ್ನು ನೋಡಬೇಡ. ಹೋಗಬೇಕಾದ ತಿರುವಿನ ಕೊನೆಯನ್ನು ನೋಡು, ಕತ್ತು ತಿರುಗಿದ ಕಡೆ ಗಾಡಿ ತಾನಾಗಿ ತಿರುಗುತ್ತದೆ. ಇಷ್ಟು ಬಂದರೆ ಪಾಸು. ಆದರೆ ಎಂಟು ಹಾಕಿದವರಿಗೆ ಗಾಡಿಯನ್ನು ತೂಗಿಸಿಕೊಂಡು ಹೋಗಲು ಬರುತ್ತದೆ ಅನ್ನುವುದಷ್ಟೇ ಅಲ್ಲಿ ಗೊತ್ತಾಗುವುದು. ನಾಯಿ ಅಡ್ಡ ಬಂದಾಗ ನಿಲ್ಲಿಸಲು ಬರುತ್ತದೆಯೇ, ಮೊದಲ ಮಳೆಗೆ ಟಾರಿನ ಮೇಲೆ ಎದ್ದ ಎಣ್ಣೆಯ ಜಿಡ್ಡು ಕಣ್ಣಿಗೆ ಬೀಳುತ್ತದೆಯೇ, ರಾಗಿ, ಹುರುಳಿ ಒಕ್ಕಣೆಗೆ ರಸ್ತೆಗೇ ಹರಡಿದ ಕಡೆ ಸ್ಪೀಡ್ ಇಳಿಸುವಷ್ಟು ತಾಳ್ಮೆ ಇದೆಯೇ, ಇದನ್ನೆಲ್ಲ ಅಲ್ಲಿ ಯಾರೂ ಕೇಳುವುದಿಲ್ಲ.

ಬ್ರೇಕಿನ ವಿಷಯ ಬಿಡಿಸಿ ಹೇಳಲೇಬೇಕು. "ಫ್ರಂಟ್ ಬ್ರೇಕ್ ಮುಟ್ಟಬೇಡ, ಪಲ್ಟಿ ಹೊಡೆಯುತ್ತೆ" ಅಂತ ನಿನಗೆ ಹತ್ತು ಜನ ಹೇಳುತ್ತಾರೆ. ಅದು ತಪ್ಪು. ಬ್ರೇಕ್ ಹಿಡಿದ ಕೂಡಲೇ ಭಾರವೆಲ್ಲ ಮುಂದಕ್ಕೆ ಬರುತ್ತದೆ, ಹಿಂದಿನ ಚಕ್ರ ಹಗುರವಾಗುತ್ತದೆ. ಗಾಡಿಯನ್ನು ನಿಜವಾಗಿ ನಿಲ್ಲಿಸುವುದು ಮುಂದಿನ ಬ್ರೇಕು. ಅದನ್ನು ಗಬಕ್ಕನೆ ಹಿಡಿಯದೆ, ಹ್ಯಾಂಡಲ್ ನೆಟ್ಟಗಿಟ್ಟು, ಮೊದಲು ಸ್ವಲ್ಪ, ಆಮೇಲೆ ಬಿಗಿಯಾಗಿ ಒತ್ತಬೇಕು, ಜೊತೆಗೆ ಹಿಂದಿನದು. ಇದು ಕೈಗೆ ಅಭ್ಯಾಸವಾಗಬೇಕು, ಗಾಬರಿಯಲ್ಲಿ ಬುದ್ಧಿ ಕೆಲಸ ಮಾಡುವುದಿಲ್ಲ. ಲೆಕ್ಕ ನೋಡು. ಗಂಟೆಗೆ 60 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 17 ಮೀಟರ್, ನಾನು ಓಡಿಸುತ್ತಿದ್ದ ಬಸ್ಸಿನ ಉದ್ದಕ್ಕಿಂತ ಹೆಚ್ಚು. ನಿನ್ನ ಕಣ್ಣು ನೋಡಿ ಕೈ ಬ್ರೇಕಿಗೆ ಹೋಗುವಷ್ಟರಲ್ಲೇ ಗಾಡಿ ಅಷ್ಟು ದೂರ ಹೋಗಿರುತ್ತದೆ. ಸ್ಪೀಡ್ ಎರಡರಷ್ಟಾದರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ನಾಲ್ಕರಷ್ಟಾಗುತ್ತದೆ. ನಿಮ್ಮ ದೊಡ್ಡಪ್ಪನ ಮಗ ತನ್ನ ಹಳೇ ಬೈಕ್ ಕೊಡುತ್ತಾನಂತೆ. 125 ಸಿಸಿ ದಾಟಿದ ಹೊಸ ಬೈಕುಗಳಿಗೆ, ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಕಡ್ಡಾಯವಾದದ್ದು 2019ರ ಏಪ್ರಿಲ್‌ನಿಂದ. ಅವನ ಗಾಡಿ ಅದಕ್ಕಿಂತ ಹಿಂದಿನದು, ದೊಡ್ಡ ಗಾಡಿ ಬೇರೆ. ಬಿಟ್ಟಿ ಸಿಗುತ್ತದೆ ಅಂತ ತಗೊಳ್ಳಬೇಡ. ನಿನ್ನ ಎರಡೂ ಕಾಲು ನೆಲಕ್ಕೆ ಸರಿಯಾಗಿ ಸಿಗುವ, 125ರ ಒಳಗಿನ ಗಾಡಿ ನೋಡೋಣ. ಕೊರತೆ ಬಿದ್ದರೆ ಅದು ನನ್ನ ಪಾಲಿಗಿರಲಿ.

ಹೆಲ್ಮೆಟ್ ನಾನೇ ಕೊಡಿಸುತ್ತೇನೆ. ಸರಿಯಾಗಿ ಹಾಕಿದರೆ ಸಾವಿನ ಸಂಭವ ಸುಮಾರು ಶೇ 42ರಷ್ಟು, ತಲೆಗೆ ಪೆಟ್ಟಾಗುವ ಸಂಭವ ಸುಮಾರು ಶೇ 69ರಷ್ಟು ಕಡಿಮೆಯಾಗುತ್ತದೆ ಅಂತ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದವರು ಹೇಳಿದ್ದಾರೆ. 2021ರ ಜೂನ್ 1ರಿಂದ ಐಎಸ್ಐ ಗುರುತಿಲ್ಲದ ಹೆಲ್ಮೆಟ್ ಮಾರುವಂತೆಯೇ ಇಲ್ಲ, ಆದರೂ ರಸ್ತೆ ಬದಿಯಲ್ಲಿ ಗುಡ್ಡೆ ಹಾಕಿಕೊಂಡು ಮಾರುತ್ತಾರೆ. ಪೊಲೀಸರಿಗೆ ತೋರಿಸುವುದಕ್ಕೆ ಹಾಕುವ ಆ ಅರ್ಧ ಟೋಪಿ ನಿನ್ನ ಕೆನ್ನೆ, ದವಡೆಯನ್ನು ಕಾಯುವುದಿಲ್ಲ. ಮುಖ ಪೂರ್ತಿ ಮುಚ್ಚುವುದನ್ನೇ ತಗೊಳ್ಳಬೇಕು, ಕೆನ್ನೆಗೆ ಬಿಗಿಯಾಗಿ ಕೂರಬೇಕು, ಸ್ಟ್ರಾಪ್ ಹಾಕಲೇಬೇಕು. ಸ್ಟ್ರಾಪ್ ಹಾಕದ ಹೆಲ್ಮೆಟ್ ಬೀಳುವಾಗ ನಿನಗಿಂತ ಮುಂಚೆ ಹಾರಿಹೋಗುತ್ತದೆ. ವೇಲ್ ಹಾಕಿದ್ದರೆ ಎರಡೂ ತುದಿಯನ್ನು ಒಳಗೆ ಸಿಕ್ಕಿಸಿಕೋ. ಚೈನಿಗೋ ಚಕ್ರಕ್ಕೋ ಸಿಕ್ಕಿದರೆ ಕುತ್ತಿಗೆಗೇ ಬರುತ್ತದೆ.

ಹಿಂದೆ ಕೂರುವವರಿಗೂ ಒಂದು ಹೆಲ್ಮೆಟ್ ಇರಲಿ. ನಮ್ಮ ರಾಜ್ಯದಲ್ಲಿ 2016ರಿಂದ ಅದು ಕಡ್ಡಾಯ. 2021ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಬೈಕ್ ಅಪಘಾತವಾಗಿ ತಲೆಗೆ ಪೆಟ್ಟು ಬಿದ್ದು ನಟ ಸಂಚಾರಿ ವಿಜಯ್ ತೀರಿಕೊಂಡರಲ್ಲ, ಅವರು ಕೂತಿದ್ದದ್ದು ಹಿಂದಿನ ಸೀಟಿನಲ್ಲಿ. ರಾಷ್ಟ್ರಪ್ರಶಸ್ತಿ ಪಡೆದ ಕಲಾವಿದ, ಇನ್ನೂ ನಲವತ್ತು ತುಂಬಿರಲಿಲ್ಲ. ಅವರ ಮನೆಯವರು ಆ ದುಃಖದಲ್ಲೂ ಅಂಗಾಂಗ ದಾನ ಮಾಡಿದರು. ನೆನೆಸಿಕೊಂಡರೆ ಈಗಲೂ ಸಂಕಟವಾಗುತ್ತದೆ. ಗೆಳತಿಯರನ್ನು ಕೂರಿಸಿಕೊಳ್ಳುವುದು ನಿನಗೆ ಕೈ ಕುದುರಿದ ಮೇಲೆ. ಮೂರು ಜನ ಅಂತೂ ಯಾವತ್ತೂ ಬೇಡ.

ಈಗ ಹಾಸನದ ದಾರಿಗೆ ಬರೋಣ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕ್ ಬಿಡುತ್ತಿಲ್ಲ. ನೂರರಲ್ಲಿ ಹೋಗುವ ಕಾರೂ ಐವತ್ತರಲ್ಲಿ ಹೋಗುವ ಬೈಕೂ ಒಂದೇ ರಸ್ತೆಯಲ್ಲಿದ್ದರೆ ಹಿಂದಿನಿಂದ ಬರುವವನಿಗೆ ನೀನು ನಿಂತ ಹಾಗೇ ಲೆಕ್ಕ. ಹಾಸನಕ್ಕೆ ಹೋಗುವ ನಮ್ಮ 75ನೇ ಹೆದ್ದಾರಿಯಲ್ಲಿ ಆ ನಿಷೇಧ ಇಲ್ಲ, ಆದರೆ ಆ ಅಪಾಯ ಇದೆ. ಯೂ-ಟರ್ನ್ ದೂರ ಅಂತ ರಾಂಗ್ ಸೈಡಿನಲ್ಲಿ ಬರುವವರು, ಹಿಂದೆ ಲೈಟೇ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್, ಕೆಟ್ಟು ನಿಂತ ಲಾರಿಯ ಹಿಂದೆ ಗುರುತಿಗೆ ಇಟ್ಟ ಕಲ್ಲು, ಆಮೇಲೆ ತೆಗೆಯದೆ ಬಿಟ್ಟುಹೋದ ಅದೇ ಕಲ್ಲು. ಕತ್ತಲಾದ ಮೇಲೆ ಇದೆಲ್ಲ ಹತ್ತಿರ ಹೋಗುವವರೆಗೂ ಕಾಣುವುದಿಲ್ಲ. ಇವ್ಯಾವೂ ನಿನ್ನ ಕೈಯಲ್ಲಿಲ್ಲ.

ಇನ್ನೊಂದು ಕಡೆ ನಿನಗೆ ಬಸ್ಸಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಟಿಕೆಟ್ ದುಡ್ಡೂ ಇಲ್ಲ. ಬಸ್ಸಿನವನಾದ್ದರಿಂದ ಬಸ್ಸಿನ ಪರ ಮಾತಾಡುತ್ತಿದ್ದೇನೆ ಅಂದುಕೊಳ್ಳಬೇಡ, ಅದರ ಕಷ್ಟ ನನಗೆ ಗೊತ್ತು. ಬೆಳಗ್ಗೆ ಕಾಲಿಡಲು ಜಾಗವಿರುವುದಿಲ್ಲ, ಲ್ಯಾಬ್ ಮುಗಿದು ಹೊರಡುವಾಗ ಬಸ್ ತಪ್ಪಿದರೆ ಸ್ಟ್ಯಾಂಡಿನಲ್ಲಿ ಕಾಯಬೇಕು, ಕಾಯುವ ಹೆಣ್ಣುಮಕ್ಕಳನ್ನು ನೋಡುವ ಕಣ್ಣುಗಳು ಬೇರೆ. ಬಸ್‌ಸ್ಟ್ಯಾಂಡಿನಿಂದ ನಿಮ್ಮ ಹಳ್ಳಿಗೆ ಆ ಹೊತ್ತಿನಲ್ಲಿ ಆಟೋ ಸಿಗುವುದಿಲ್ಲ. ನಿನಗೆ ಬೈಕ್ ನಿಜವಾಗಿ ಬೇಕಿರುವುದು ಅಲ್ಲಿ. ಮನೆಯಿಂದ ಪಟ್ಟಣದ ಬಸ್‌ಸ್ಟ್ಯಾಂಡಿಗೆ ಬೈಕ್, ಅಲ್ಲಿಂದ ಹಾಸನಕ್ಕೆ ಬಸ್. ಸಂಜೆ ಬಂದಾಗ ಯಾರನ್ನೂ ಕಾಯದೆ ನಿನ್ನ ಗಾಡಿಯಲ್ಲಿ ನೀನೇ ಮನೆಗೆ. ತೋಟಕ್ಕೆ, ಸಂತೆಗೆ, ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ಯುವುದಕ್ಕೆ ನಿಮ್ಮಪ್ಪನ ದಾರಿ ನೋಡುತ್ತ ಕೂರಬೇಕಿಲ್ಲ. ನಿಮ್ಮಮ್ಮನಿಗೆ ನಿನ್ನ ವಯಸ್ಸಿನಲ್ಲಿ ಸಿಗದ ಅನುಕೂಲ ಇದು, ಅದಕ್ಕೇ ನೀನು ಕಲಿಯಲೇಬೇಕು ಅನ್ನುತ್ತಿದ್ದೇನೆ. ಒಂದು ಮಳೆಗಾಲ, ಒಂದು ಒಕ್ಕಣೆ ಕಾಲ ಹೀಗೆ ಓಡಿಸು. ಆಮೇಲೂ ಹೆದ್ದಾರಿ ಬೇಕು ಅನ್ನಿಸಿದರೆ ಹಗಲು ಹೊತ್ತಿನಲ್ಲಿ ಒಟ್ಟಿಗೆ ಹೋಗಿ ನೋಡೋಣ.

ನಿಮ್ಮಮ್ಮನಿಗೂ ಒಂದು ಮಾತು ಹೇಳಿದ್ದೇನೆ. ನೀನು ಹೊರಟ ಮೇಲೆ "ಎಲ್ಲಿದ್ದೀಯಾ" ಅಂತ ಫೋನ್ ಮಾಡಕೂಡದು. ಆ ಕಡೆ ರಿಂಗ್ ಆಗುತ್ತಿದ್ದರೆ ಈ ಕಡೆ ಮನಸ್ಸು ರಸ್ತೆಯ ಮೇಲೆ ಇರುವುದಿಲ್ಲ. ಹೊರಡುವಾಗ ಒಂದು ಮೆಸೇಜ್, ತಲುಪಿದ ಮೇಲೆ ಒಂದು. ನಡುವೆ ಫೋನ್ ಬ್ಯಾಗಿನಲ್ಲಿರಲಿ. ಇನ್ಶೂರೆನ್ಸ್ ಮಾಡಿಸುವಾಗ ಬರೀ ಥರ್ಡ್ ಪಾರ್ಟಿ ಸಾಲದು, ಅದರಲ್ಲಿ ನಿನಗೆ ಪೆಟ್ಟಾದರೆ ಏನೂ ಸಿಗುವುದಿಲ್ಲ. ಓನರ್-ಡ್ರೈವರಿನ 15 ಲಕ್ಷದ ಅಪಘಾತ ವಿಮೆಯೂ ಇದೆಯೇ ಅಂತ ನಿಮ್ಮಪ್ಪ ನೋಡಲಿ.

ಎಲ್‌ಎಲ್ ಕೈಗೆ ಬಂದ ದಿನ ತಿಳಿಸು. ಭಾನುವಾರ ಬೆಳಗ್ಗೆ ಬರುತ್ತೇನೆ, ಜಾತ್ರೆ ಮೈದಾನದಲ್ಲಿ ಶುರು ಮಾಡೋಣ. ಚಪ್ಪಲಿ ಬೇಡ, ಶೂ ಹಾಕಿಕೊಂಡು ಬಾ, ತೋಳು ತುಂಬುವ ಅಂಗಿ ಇರಲಿ. ಮೊದಲ ದಿನ ಎಂಟು ಹಾಕಿಸುವುದಿಲ್ಲ. ಗಾಡಿ ನಿಲ್ಲಿಸುವುದನ್ನೇ ಕಲಿಸುತ್ತೇನೆ, ಇಪ್ಪತ್ತರಲ್ಲಿ, ಆಮೇಲೆ ಮೂವತ್ತರಲ್ಲಿ, ಆಮೇಲೆ ನಲವತ್ತರಲ್ಲಿ.

ಇತಿ ನಿನ್ನ
ಸೋದರಮಾವ